ಮನೆ ಬಿಯರಿಗೆ ಚಿಕ್ಕ ಕೆಗ್: ಐದು ಕೊಂಡೆ, ಎರಡು ಉಳಿಸಿಕೊಂಡೆ

ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರ್ ಅಂದರೆ 12 ಔನ್ಸಿನ 53 ಬಾಟಲಿ. ಅಷ್ಟನ್ನೂ ತೊಳೆಯಬೇಕು, ಸ್ಯಾನಿಟೈಸ್ ಮಾಡಬೇಕು, ತುಂಬಬೇಕು, ಮುಚ್ಚಳ ಒತ್ತಬೇಕು. ಅಪಾರ್ಟ್‌ಮೆಂಟಿನ ಒಂದೇ ಸಿಂಕಿನಲ್ಲಿ ಮೂರು ವರ್ಷ ಇದನ್ನು ಮಾಡಿದೆ. ಒಂದು ಭಾನುವಾರ ಸಂಜೆ ಅಡುಗೆಮನೆ ತುಂಬ ಬಾಟಲಿ ಹರಡಿಕೊಂಡು ಕೂತಿದ್ದೆ, ಒಲೆ ಹತ್ತಿರ ಹೋಗೋಕೂ ದಾರಿ ಇಲ್ಲದೆ ಹೆಂಡತಿ ಮಾತಾಡದೆ ಫೋನ್ ತೆಗೆದು ಪಿಜ್ಜಾ ತರಿಸಿದಳು. ಅವತ್ತೇ ತೀರ್ಮಾನ ಆಯಿತು, ಇನ್ನು ಮೇಲೆ ಕೆಗ್, ಅಂದರೆ ಬಿಯರನ್ನೆಲ್ಲ ಒಟ್ಟಿಗೆ ತುಂಬಿಟ್ಟು ನಲ್ಲಿಯಿಂದ ಲೋಟಕ್ಕೆ ಬಿಟ್ಟುಕೊಳ್ಳುವ ಮುಚ್ಚಿದ ಪಾತ್ರೆ.

ನಾನಿರುವುದು ಸಿಯಾಟಲ್ ಪಕ್ಕ. ಬೆಟ್ಟ ದಾಟಿದರೆ ಯಾಕಿಮಾ ಕಣಿವೆ, ಬಿಯರಿಗೆ ಕಹಿ, ಘಮ ಕೊಡುವ ಹಾಪ್ಸ್ ಹೂವು ಅಮೆರಿಕದಲ್ಲಿ ಬಹುಪಾಲು ಬೆಳೆಯುವುದು ಅಲ್ಲೇ. ಹಾಗಾಗಿ ಹಾಪ್ಸ್‌ಗೆ ಬರ ಇಲ್ಲ. ಬರ ಇರುವುದು ಜಾಗಕ್ಕೆ. ಇರೋದು ಒಂದೇ ಫ್ರಿಜ್, ಅದರಲ್ಲಿ ದೋಸೆ ಹಿಟ್ಟು, ಮೊಸರು, ಹಾಲಿನ ಕ್ಯಾನು. ನನ್ನ ಪಾಲಿಗೆ ಬಂದದ್ದು ಕೆಳಗಿನ ಒಂದು ಖಾನೆ ಮಾತ್ರ. ಈಗ ಒಲೆ ಮೇಲೆ ಒಂದು ಸಲಕ್ಕೆ 10 ಲೀಟರ್ ಮಾಡುತ್ತೇನೆ, ಅದನ್ನು ಮುಗಿಸೋಕೆ ಮೂರು ನಾಲ್ಕು ವಾರ ಬೇಕು. ಈ ಎರಡು ಲೆಕ್ಕ ನೆನಪಿಟ್ಟುಕೊಳ್ಳಿ. ಯಾವ ಕೆಗ್ ಒಳ್ಳೆಯದು ಅನ್ನೋದು ಕೊನೆಗೆ ಅದರ ಮೇಲೇ ನಿಂತಿತು.

ಊರಿನಿಂದ ಓದುತ್ತಿರುವವರಿಗೆ ಒಂದು ಮಾತು. ಇಲ್ಲಿ ಮನೆಯಲ್ಲಿ ಬಿಯರ್ ಮಾಡೋದಕ್ಕೆ ಕೇಂದ್ರ ಸರ್ಕಾರದ ಒಪ್ಪಿಗೆ 1979ರಿಂದ ಇದೆ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಮಾರುವ ಹಾಗಿಲ್ಲ. ಅಲಬಾಮ, ಮಿಸಿಸಿಪ್ಪಿ ರಾಜ್ಯಗಳು 2013ರವರೆಗೂ ಬಿಟ್ಟಿರಲಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡುವಂತಿಲ್ಲ. ಹಾಗಾಗಿ ಬೆಂಗಳೂರಿನವರು ಇದನ್ನು ಸುಮ್ನೆ ಕುತೂಹಲಕ್ಕೆ ಓದಿ, ಆಮೇಲೆ ಮೈಕ್ರೋಬ್ರೂವರಿಗೆ ಹೋಗಿ.

ಮೊದಲು ಕೊಂಡದ್ದು ಎಲ್ಲಕ್ಕಿಂತ ಅಗ್ಗದ್ದು, 5 ಲೀಟರಿನ ತಗಡಿನ ಕ್ಯಾನ್. ಪಾರ್ಟಿಗೆ ಅಂತ ಅಂಗಡಿಯಲ್ಲಿ ಬಿಯರ್ ತುಂಬಿ ಮಾರುತ್ತಾರಲ್ಲ, ಅದೇ ಆಕಾರ. ಮೇಲೆ ರಬ್ಬರ್ ಬಿರಡೆ, ಕೆಳಗೆ ಎಳೆದರೆ ಹೊರಬರುವ ಪ್ಲಾಸ್ಟಿಕ್ ನಲ್ಲಿ. ಒಂದಕ್ಕೆ 16 ಡಾಲರ್ ಕೊಟ್ಟೆ, ಎರಡು ತಂದೆ. ಎತ್ತರ ಒಂದು ಅಡಿಯೂ ಇಲ್ಲ, ನನ್ನ ಖಾನೆಯಲ್ಲಿ ಎರಡೂ ಅಕ್ಕಪಕ್ಕ ಕೂತವು. ಬಿಯರ್ ತುಂಬಿ, ಸ್ವಲ್ಪ ಸಕ್ಕರೆ ಹಾಕಿ, ಬಿರಡೆ ಒತ್ತಿಟ್ಟರೆ ಯೀಸ್ಟ್ ತಾನೇ ಗ್ಯಾಸ್ ಮಾಡಿಕೊಳ್ಳುತ್ತದೆ. ಸಿಲಿಂಡರೂ ಬೇಡ, ಪೈಪೂ ಬೇಡ.

ಆದರೆ ಸಕ್ಕರೆ ಎಷ್ಟು? ನಾನು ಬಾಟಲಿ ಲೆಕ್ಕದಲ್ಲೇ ಲೀಟರಿಗೆ 7 ಗ್ರಾಂ ಹಾಕಿದೆ. ಅದೂ ಸಕ್ಕರೆ ಬದಲು ಬೆಲ್ಲ, ರುಚಿ ಬರಲಿ ಅಂತ. ಕೆಗ್‌ಗೆ ಅದರ ಅರ್ಧ ಸಾಕಿತ್ತು. ಹತ್ತನೇ ದಿನ ಕಪಾಟಿನ ಬಾಗಿಲು ತೆಗೆದು ನೋಡಿದರೆ ಒಂದು ಕ್ಯಾನಿನ ತಳ ಉಬ್ಬಿ, ನೆಟ್ಟಗೆ ನಿಲ್ಲದೆ ಬುಗುರಿ ಥರ ಅಲ್ಲಾಡುತ್ತಿದೆ. ಬಟ್ಟೆ ಸುತ್ತಿಕೊಂಡು ಸ್ನಾನದ ಮನೆಗೆ ಎತ್ತಿಕೊಂಡು ಹೋಗಿ ಬಿರಡೆಯ ಗಾಳಿಕಿಂಡಿ ತಿರುಗಿಸಿದೆ. ನೊರೆ ಛಾವಣಿಗೆ ಹೊಡೆಯಿತು. ಪೂರ್ತಿ ನನ್ನದೇ ತಪ್ಪು, ಕ್ಯಾನಿನದಲ್ಲ.

ಕ್ಯಾನಿನ ತಪ್ಪು ಬೇರೆ. ಕಿಂಡಿ ತೆರೆದು ನಲ್ಲಿ ಬಿಟ್ಟಾಗ ಒಳಗೆ ಹೋಗುವುದು ಹೊರಗಿನ ಗಾಳಿ. ಅವತ್ತು ರಾತ್ರಿ ಚೆನ್ನಾಗಿರುತ್ತದೆ, ಮಾರನೇ ದಿನ ಸಪ್ಪೆ, ಮೂರನೇ ದಿನ ಒದ್ದೆ ರಟ್ಟಿನ ರುಚಿ. ಹತ್ತು ಜನ ಸೇರುವ ಮನೆಯಾದರೆ 5 ಲೀಟರ್ ಒಂದೇ ಸಂಜೆಗೆ ಮುಗಿಯುತ್ತದೆ, ತೊಂದರೆ ಇಲ್ಲ. ನಮ್ಮನೇಲಿ ಕುಡಿಯುವವನು ನಾನೊಬ್ಬ, ಅದೂ ದಿನಕ್ಕೆ ಒಂದು ಲೋಟ. ಇನ್ನೊಂದು ವಿಷಯ, ಇದು ತಗಡು. ಒಳಗೆ ತೆಳುವಾದ ಲೇಪ ಇರುತ್ತದೆ, ಅದು ಗೀಚಿತೋ ತುಕ್ಕು ಶುರು. ಬ್ರಷ್ ಹಾಕಿ ಉಜ್ಜುವಂತಿಲ್ಲ. ಎರಡನೇ ಕ್ಯಾನ್ ನಾಲ್ಕನೇ ಸಲಕ್ಕೆ ಬಿರಡೆಯ ಅಂಚಿನಲ್ಲಿ ಕೆಂಪಗಾಯಿತು. ಎಸೆದೆ.

ಆಮೇಲೆ ಬಂದದ್ದು ನೋಡೋಕೆ ಎಲ್ಲಕ್ಕಿಂತ ಚೆಂದದ್ದು. 4 ಲೀಟರಿನ ಸ್ಟೀಲ್ ಗ್ರೌಲರ್, ಅಂದರೆ ಬಿಯರ್ ತುಂಬಿಡುವ ದೊಡ್ಡ ಬಾಟಲಿ, ತಲೆ ಮೇಲೆ ಪುಟ್ಟ ನಲ್ಲಿ, ಪಕ್ಕಕ್ಕೆ 16 ಗ್ರಾಂ ಗ್ಯಾಸ್ ತುಂಬಿದ ಬೆರಳುದ್ದದ ಕಾರ್ಟ್ರಿಜ್ ತಿರುಗಿಸಿ ಕೂರಿಸುವ ಚಿಕ್ಕ ರೆಗ್ಯುಲೇಟರ್. ಎಲ್ಲ ಸೇರಿ 85 ಡಾಲರ್ ಆಯಿತು. ಇದರಲ್ಲಿ ಬಿಯರನ್ನು ತಳ್ಳುವುದು ಕಾರ್ಬನ್ ಡೈಆಕ್ಸೈಡ್, ಗಾಳಿಯಲ್ಲ. ಹಾಗಾಗಿ ಎರಡು ವಾರವಾದರೂ ಬಿಯರ್ ಕೆಡಲಿಲ್ಲ. ಮನೆಗೆ ಬಂದವರೆಲ್ಲ ಇದನ್ನೇ ಮುಟ್ಟಿ ನೋಡುತ್ತಿದ್ದರು.

ಖುಷಿ ಇಳಿದದ್ದು ಗ್ಯಾಸಿನ ಲೆಕ್ಕ ಹಾಕಿದಾಗ. ಫ್ರಿಜ್ ತಣ್ಣಗೆ, ಅಂದರೆ 4 ಡಿಗ್ರಿ ಸೆಲ್ಸಿಯಸ್ ಹತ್ತಿರ, 12 ಪಿಎಸ್ಐ ಒತ್ತಡದಲ್ಲಿ ಒಂದು ಲೀಟರ್ ಬಿಯರ್ ಹೊರಗೆ ತಳ್ಳೋಕೆ ಸುಮಾರು 3 ರಿಂದ 3.5 ಗ್ರಾಂ ಗ್ಯಾಸ್ ಬೇಕು. ನಾಲ್ಕು ಲೀಟರಿಗೆ ಒಂದು ಕಾರ್ಟ್ರಿಜ್ ಹೆಚ್ಚೂ ಕಡಿಮೆ ಸರಿಹೋಯಿತು. ಆದರೆ ಅದು ತಳ್ಳೋಕೆ ಮಾತ್ರ. ಸಪ್ಪೆ ಬಿಯರಿಗೆ ಗುಳ್ಳೆ ತುಂಬಿಸೋಕೂ ಅದನ್ನೇ ಬಳಸಿದರೆ ಲೀಟರಿಗೆ ಇನ್ನೊಂದು 3 ಗ್ರಾಂ ಚಿಲ್ಲರೆ ಹೋಗುತ್ತದೆ. ಅಂದರೆ ಒಂದು ಗ್ರೌಲರಿಗೆ ಎರಡು ಕಾರ್ಟ್ರಿಜ್. ಒಂದೊಂದಕ್ಕೆ ಒಂದೂವರೆ ಡಾಲರ್. ಐದು ಪೌಂಡಿನ ಸಿಲಿಂಡರ್ ತುಂಬಿಸಲು ನಾನು ಕೊಡೋದು 28 ಡಾಲರ್, ಅದರಲ್ಲಿ 2,268 ಗ್ರಾಂ ಇರುತ್ತದೆ. ಭಾಗಿಸಿ ನೋಡಿ, 141 ಕಾರ್ಟ್ರಿಜ್! ಅದೇ ಗ್ಯಾಸನ್ನು ಕಾರ್ಟ್ರಿಜ್‌ನಲ್ಲಿ ಕೊಂಡರೆ 200 ಡಾಲರ್ ದಾಟುತ್ತದೆ. ಅಗ್ಗದ ಕೆಗ್ ಅಂತ ತಂದು ಗ್ಯಾಸಿಗೆ ದುಡ್ಡು ಸುರಿಯೋದು, ಮೂರು ಕಾಸಿನ ಕುದುರೆಗೆ ಆರು ಕಾಸಿನ ಹುಲ್ಲು ಹಾಕಿದಂತೆ ಅಲ್ವಾ.

ಇದರ ಜೊತೆಗೆ ಆ ಚಿಕ್ಕ ರೆಗ್ಯುಲೇಟರಿನ ವಾಷರ್ ಬೇರೆ ನಂಬುವಂತದ್ದಲ್ಲ. ರಾತ್ರಿ ಕಾರ್ಟ್ರಿಜ್ ಕೂರಿಸಿ ಮಲಗಿದೆ, ಬೆಳಗ್ಗೆ ಮುಳ್ಳು ಸೊನ್ನೆಯಲ್ಲಿತ್ತು. ಎರಡು ಸಲ ಹೀಗಾಯಿತು. ಆಮೇಲೆ ಕುಡಿಯುವಾಗ ಒಂದು ಸಲ ಗ್ಯಾಸ್ ಬಿಟ್ಟು, ತಕ್ಷಣ ನಾಬ್ ಬಂದ್ ಮಾಡುತ್ತಿದ್ದೆ. ನೀವು ಇದನ್ನೇ ಕೊಳ್ಳುವುದಾದರೆ ಕಾರ್ಟ್ರಿಜ್ ಫುಡ್ ಗ್ರೇಡ್ ಅಂತ ನೋಡಿ ತಗೊಳ್ಳಿ. ಏರ್‌ಗನ್ನಿಗೆ ಮಾರುವುದರಲ್ಲಿ ಎಣ್ಣೆಯ ಅಂಶ ಇರಬಹುದು.

ಮೂರನೆಯದು ಪಿಇಟಿ ಕೆಗ್, 8 ಲೀಟರ್. ದೊಡ್ಡ ಕಂದು ಬಣ್ಣದ ಸೋಡಾ ಬಾಟಲಿ ಅಂದುಕೊಳ್ಳಿ. ಬಾಟಲಿಗೆ 25 ಡಾಲರ್, ಗ್ಯಾಸ್ ಮತ್ತು ಬಿಯರ್ ಪೈಪ್ ಸಿಕ್ಕಿಸುವ ಮುಚ್ಚಳಕ್ಕೆ ಇನ್ನು 20. ಖಾಲಿ ಇದ್ದಾಗ ಒಂದು ಬೆರಳಲ್ಲಿ ಎತ್ತಬಹುದು. ಮುಚ್ಚಳದ ಎರಡು ಮೂತಿಗಳೂ ಬಾಲ್ ಲಾಕ್ (ಪೈಪಿನ ಕನೆಕ್ಟರ್ ಒತ್ತಿದರೆ ಕಚ್ಚಿಕೊಳ್ಳುವಂಥದ್ದು), ಹಾಗಾಗಿ ಮುಂದೆ ಸ್ಟೀಲ್ ಕೆಗ್ ತಂದರೂ ಅದೇ ಪೈಪ್, ಅದೇ ಕನೆಕ್ಟರ್ ನಡೆಯುತ್ತದೆ. ಒಳಗಿನ ಸಿಲಿಕಾನ್ ಕೊಳವೆಯ ತುದಿಗೆ ತೇಲುವ ಗುಂಡು ಇರುವುದರಿಂದ ಬಿಯರನ್ನು ಮೇಲಿನಿಂದ ಎಳೆಯುತ್ತದೆ, ತಳದ ಮಡ್ಡಿ ಲೋಟಕ್ಕೆ ಬರೋದಿಲ್ಲ. ಇದು ನನಗೆ ಎಷ್ಟು ಇಷ್ಟವಾಯಿತು ಅಂದರೆ ಆಮೇಲೆ ಸ್ಟೀಲ್ ಕೆಗ್‌ಗೂ ಅದನ್ನೇ ಹಾಕಿಸಿದೆ.

ಇದು ಬಿಸಿ ತಡೆಯೋದಿಲ್ಲ. ಪಿಇಟಿ 60 ಡಿಗ್ರಿ ದಾಟುತ್ತಿದ್ದಂತೆ ಮೆತ್ತಗಾಗೋಕೆ ಶುರು. ನಾನು ಬೆಚ್ಚಗಿನ ನೀರು, ಕ್ಲೀನಿಂಗ್ ಪುಡಿ ಹಾಕಿ ನೆನೆಸಿಟ್ಟು ಆಫೀಸಿಗೆ ಹೋದೆ. ಊರಿನಿಂದ ಬಂದಿದ್ದ ಅಮ್ಮ ನೋಡಿದ್ದಾರೆ. ಹಾಲಿನ ಪಾತ್ರೆ ಇರಲಿ, ಫ್ಲಾಸ್ಕ್ ಇರಲಿ, ಕುದಿಯೋ ನೀರು ಹುಯ್ಯದೆ ಅವರಿಗೆ ಸಮಾಧಾನ ಇಲ್ಲ. ಸಂಜೆ ಬಂದು ನೋಡಿದರೆ ಕೆಗ್ ಸೊಂಟ ಸುಕ್ಕಿ ಹೋಗಿ ಒಂದು ಕಡೆ ವಾಲಿಕೊಂಡು ಕೂತಿದೆ. "ಏನೋ ಇದು, ಇಷ್ಟು ದುಡ್ಡು ಕೊಟ್ಟು ಬಿಸಿನೀರು ತಡೆಯದ್ದು ತಂದಿದ್ದೀಯ?" ಅಂದರು. ಉತ್ತರ ಇರಲಿಲ್ಲ. ಹಾಗೆ ಸುಕ್ಕಿದ ಮೇಲೆ ಅದಕ್ಕೆ ಒತ್ತಡ ಹಾಕುವಂತಿಲ್ಲ, ಒಡೆದೀತು. ಬಾಟಲಿ ಎಸೆದು ಇನ್ನೊಂದು ತಂದೆ, ಮುಚ್ಚಳ ಹಳೇದೇ ಆಯಿತು. ಪ್ಲಾಸ್ಟಿಕ್ ಆದ್ದರಿಂದ ತಿಂಗಳುಗಟ್ಟಲೆ ಇಟ್ಟರೆ ಆಮ್ಲಜನಕ ಮೆಲ್ಲಗೆ ಒಳಗೆ ಸೇರುತ್ತದೆ, ಹಾಪ್ಸ್ ಜಾಸ್ತಿ ಇರುವ ಬಿಯರಿನ ಘಮ ಮೊದಲು ಹೋಗುತ್ತದೆ. ನಾನು ಮೂರು ವಾರದೊಳಗೆ ಮುಗಿಸುತ್ತೇನೆ, ನನಗೆ ವ್ಯತ್ಯಾಸ ಗೊತ್ತಾಗಿಲ್ಲ.

ಇನ್ನು ಸ್ಟೀಲಿನ ಕಾರ್ನಿ ಕೆಗ್. ಮನೆಯಲ್ಲಿ ಬಿಯರ್ ಮಾಡುವವರು ಕೆಗ್ ಅಂದರೆ ಅವರ ಮನಸ್ಸಿನಲ್ಲಿರುವುದು ಇದೇ. ಇದು ಹುಟ್ಟಿದ್ದು ಬಿಯರಿಗಲ್ಲ, ಸೋಡಾಕ್ಕೆ. ಹೋಟೆಲುಗಳಿಗೆ ಸೋಡಾ ಸಿರಪ್ ಇದರಲ್ಲೇ ಹೋಗುತ್ತಿತ್ತು. ಪೆಪ್ಸಿಯವರದು ಬಾಲ್ ಲಾಕ್, ಕೋಕಾಕೋಲಾದವರದು ಪಿನ್ ಲಾಕ್, ಅಂದರೆ ಕನೆಕ್ಟರನ್ನು ಮೂತಿಯ ಪಕ್ಕದ ಪಿನ್ನುಗಳಿಗೆ ಸಿಕ್ಕಿಸುವಂಥದ್ದು. ಆಮೇಲೆ ಸಿರಪ್ಪು ಪ್ಲಾಸ್ಟಿಕ್ ಚೀಲ ಇರುವ ರಟ್ಟಿನ ಡಬ್ಬಕ್ಕೆ ಬದಲಾಯಿತು, ಹಳೇ ಕೆಗ್‌ಗಳು ರಾಶಿ ರಾಶಿ ಹೊರಗೆ ಬಂದವು. ಹಳಬರು ಒಂದಕ್ಕೆ ಇಪ್ಪತ್ತು ಡಾಲರಿಗೆ ಕೊಂಡ ಕಥೆ ಹೇಳಿ ಹೊಟ್ಟೆ ಉರಿಸುತ್ತಾರೆ. ಆ ಕಾಲ ಹೋಯಿತು.

ನನಗೆ 55 ಡಾಲರಿಗೆ ಹಳೇ 5 ಗ್ಯಾಲನ್ ಪಿನ್ ಲಾಕ್ ಸಿಕ್ಕಿತು. ಮುಚ್ಚಳ ತೆಗೆದೊಡನೆ ಮಂಡಿನೋವಿನ ಮುಲಾಮಿನ ವಾಸನೆ. ಅದು ರೂಟ್ ಬಿಯರ್ ತುಂಬಿದ್ದ ಕೆಗ್, ಹೆಸರಿಗಷ್ಟೇ ಬಿಯರ್, ಅದೊಂದು ಸೋಡಾ. ಆ ಪಾನೀಯದ ಘಮವೂ ನಮ್ಮ ಮುಲಾಮಿನ ಘಮವೂ ಒಂದೇ ಥರದ ಎಣ್ಣೆಯದು. ಎರಡು ಸಲ ತೊಳೆದೆ, ಬಿಸಿನೀರಲ್ಲಿ ನೆನೆಸಿದೆ, ಹೋಗಲಿಲ್ಲ. ವಾಸನೆ ಹಿಡಿದಿದ್ದು ಸ್ಟೀಲಿಗಲ್ಲ, ರಬ್ಬರಿಗೆ. ಐದು ಓ-ರಿಂಗ್ ಇರುತ್ತವೆ: ಮುಚ್ಚಳಕ್ಕೆ ಒಂದು, ಎರಡು ಮೂತಿಗೂ ಒಂದೊಂದು, ಒಳಗಿನ ಎರಡು ಕೊಳವೆಗೂ ಒಂದೊಂದು. ಐದನ್ನೂ ಬದಲಿಸಿದ ಮೇಲೆ ವಾಸನೆ ಹೋಯಿತು. ಮೂತಿ ಬಿಚ್ಚೋಕೆ ಸಾಮಾನ್ಯ ಸ್ಪ್ಯಾನರ್ ನಡೆಯಲಿಲ್ಲ, ಪಿನ್ನುಗಳಿಗೆ ಸಂದು ಕೊರೆದಿರುವ ಸಾಕೆಟ್ಟೇ ಬೇಕಾಯಿತು. ಇದರ ಮುಚ್ಚಳದಲ್ಲಿ ಒತ್ತಡ ಬಿಡುವ ಉಂಗುರವೂ ಇರಲಿಲ್ಲ, ಗ್ಯಾಸ್ ಮೂತಿಯ ನಡುವಿನ ಗುಂಡಿಯನ್ನು ಸ್ಕ್ರೂಡ್ರೈವರಿನಲ್ಲಿ ಒತ್ತಿಯೇ ಬಿಡಬೇಕು. ಇಷ್ಟೆಲ್ಲ ಮಾಡಿ ಸಿದ್ಧವಾದ ಮೇಲೆ ಅದು ನನ್ನ ಖಾನೆಗೆ ಹಿಡಿಸಲಿಲ್ಲ! ಅಳತೆ ನೋಡದೆ ಕೊಂಡಿದ್ದೆ, ಎರಡು ಅಡಿ ಹತ್ತಿರ ಎತ್ತರ. ಈಗ ಅದು ಗೆಳೆಯನ ಗ್ಯಾರೇಜಿನ ಫ್ರಿಜ್‌ನಲ್ಲಿದೆ, ಅವನು ಸಂತೋಷವಾಗಿದ್ದಾನೆ.

ಕೊನೆಗೆ ಹೊಸ ಎರಡೂವರೆ ಗ್ಯಾಲನ್ ಬಾಲ್ ಲಾಕ್ ಕೊಂಡೆ. ಒಂಬತ್ತೂವರೆ ಲೀಟರ್ ಹಿಡಿಯುತ್ತದೆ, ನನ್ನ 10 ಲೀಟರ್ ಬ್ಯಾಚಿನಲ್ಲಿ ಮಡ್ಡಿ ಕಳೆದರೆ ಉಳಿಯುವುದೂ ಅಷ್ಟೇ. 105 ಡಾಲರ್ ಕೊಟ್ಟಾಗ ಕೈ ನಡುಗಿತು, ಯಾಕಂದರೆ ಐದು ಗ್ಯಾಲನ್ನಿನದೂ ಹತ್ತಿರ ಹತ್ತಿರ ಅಷ್ಟೇ ಬೆಲೆ. ಚಿಕ್ಕದು ಅಂತ ಯಾರೂ ಬೆಲೆ ಅರ್ಧ ಮಾಡುವುದಿಲ್ಲ, ಮೂತಿ, ಮುಚ್ಚಳ, ಬೆಸುಗೆ ಎಲ್ಲ ಅಷ್ಟೇ ತಾನೆ. ಆದರೆ ಇದಕ್ಕೆ ಕುದಿಯೋ ನೀರು ಹುಯ್ಯಬಹುದು, ಕೈ ಒಳಗೆ ಹಾಕಿ ತೊಳೆಯಬಹುದು, ಬಿದ್ದರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೊಳಕೆ ರಾಗಿ ಸೇರಿಸಿ ಮಾಡಿದ ಒಂದು ಬ್ಯಾಚ್ ಇದರಲ್ಲಿ ಎರಡು ತಿಂಗಳು ಕೂತಿತ್ತು, ಮೊದಲ ಲೋಟಕ್ಕಿಂತ ಕೊನೇ ಲೋಟವೇ ಚೆನ್ನಾಗಿತ್ತು.

ಹಾಗಾದರೆ ಯಾವುದು ಕೊಳ್ಳೋದು? ನಿಮ್ಮ ಹತ್ತಿರ ಈಗ ಏನೂ ಇಲ್ಲ ಅಂದರೆ ದುಡ್ಡನ್ನು ಮೊದಲು ರೆಗ್ಯುಲೇಟರಿಗೂ ಸಿಲಿಂಡರಿಗೂ ಹಾಕಿ, ಕೆಗ್ ಪಿಇಟಿಯೇ ಇರಲಿ. ದೊಡ್ಡ ಸಿಲಿಂಡರಿಗೆ ಜಾಗ ಇಲ್ಲದಿದ್ದರೆ ಮನೆಯ ಸೋಡಾ ಮಷೀನಿನ ಸಿಲಿಂಡರಿಗೆ ಅಡಾಪ್ಟರ್ ಸಿಗುತ್ತದೆ. ಅದರಲ್ಲಿ 410 ಗ್ರಾಂ ಗ್ಯಾಸ್, ನನ್ನ ಲೆಕ್ಕಕ್ಕೆ ಒಂಬತ್ತು ಲೀಟರಿನ ಆರು ಕೆಗ್‌ಗೆ ಗುಳ್ಳೆ ತುಂಬಿಸೋಕೂ ತಳ್ಳೋಕೂ ಸಾಕಾಗುತ್ತದೆ. ಒಂದು ವರ್ಷ ಆದಮೇಲೂ ಹುಚ್ಚು ಇಳಿದಿಲ್ಲ ಅಂದರೆ ಎರಡೂವರೆ ಗ್ಯಾಲನ್ ಸ್ಟೀಲ್ ತಗೊಳ್ಳಿ. ಗ್ರೌಲರನ್ನು ಯಾರಾದರೂ ಉಡುಗೊರೆ ಕೊಟ್ಟರೆ ಬೇಡ ಅನ್ನಬೇಡಿ, ನಿಮ್ಮ ದುಡ್ಡಲ್ಲಿ ಕೊಳ್ಳಬೇಡಿ. ನನ್ನದನ್ನು ಮಾರಿದೆ, 50 ಡಾಲರ್ ಬಂತು.

ಹಳೇದು ಕೊಳ್ಳುವವರು ಜೊತೆಗೆ ಸೋಪಿನ ನೀರಿನ ಸ್ಪ್ರೇ ಬಾಟಲಿ ತಗೊಂಡು ಹೋಗಿ. ಮಾರುವವರ ಹತ್ತಿರ ಗ್ಯಾಸ್ ಇದ್ದರೆ ಸ್ವಲ್ಪ ಒತ್ತಡ ಹಾಕಿಸಿ, ಮುಚ್ಚಳದ ಸುತ್ತ ಹೊಡೆದು ಗುಳ್ಳೆ ಏಳುತ್ತಾ ನೋಡಿ. ಮುಚ್ಚಳ ಕೂರುವ ಅಂಚಿನಲ್ಲಿ ಬೆರಳಾಡಿಸಿ, ನೆಗ್ಗಿದ್ದರೆ ಬಿಟ್ಟು ಬನ್ನಿ. ಬಿಯರ್ ಬರುವ ಪೈಪನ್ನು ಮಾತ್ರ ಹತ್ತು ಅಡಿಗೆ ಕಡಿಮೆ ತರಬೇಡಿ. ನಾನು ಐದು ಅಡಿಯದು ತಂದು ಒಂದು ತಿಂಗಳು ಬರೀ ನೊರೆ ಕುಡಿದೆ.