ಕೋಲಾರದಲ್ಲಿ ಡಿಸೆಂಬರ್ ರಜೆ: ವಿದೇಶಿ ಮಕ್ಕಳಿಗೆ ಕಾಲೇಜು ಮಾಡಿದ ಏರ್ಪಾಡು ಹೇಗಿತ್ತು?

ರಜೆ ಶುರುವಾಗಿದ್ದು ಡಿಸೆಂಬರ್ 22ಕ್ಕೆ. ಹಾಸ್ಟೆಲ್ ಅಡುಗೆಮನೆಯ ಬೀಗ ತೆಗೆದದ್ದು 28ಕ್ಕೆ. ನಾನು ಐದಕ್ಕೆ ಮೂರೂವರೆ ಅಂಕ ಕೊಡುತ್ತಿರುವುದಕ್ಕೆ ಈ ಆರು ದಿನವೇ ಕಾರಣ. ಬೀಗ ಮೊದಲ ದಿನವೇ ತೆಗೆದಿದ್ದರೆ ಕಣ್ಣು ಮುಚ್ಚಿ ನಾಲ್ಕೂವರೆ ಕೊಡುತ್ತಿದ್ದೆ.

ಮೊದಲು ವಿಷಯ ಹೇಳಿಬಿಡುತ್ತೇನೆ. ನಮ್ಮ ಕೋಲಾರದ ಹತ್ತಿರ ಒಂದು ಕಾಲೇಜಿದೆ, ಹೆಸರು ಬೇಡ. ಅಲ್ಲಿ ನರ್ಸಿಂಗ್ ಮತ್ತು ಬೇರೆ ಕೋರ್ಸ್‌ಗಳಿಗೆ ಹೊರದೇಶದ ಮಕ್ಕಳು ಬರುತ್ತಾರೆ. ಡಿಸೆಂಬರ್ ರಜೆಗೆ ನಮ್ಮ ಮಕ್ಕಳೆಲ್ಲ ಬ್ಯಾಗ್ ಹಾಕಿಕೊಂಡು ಮುಳಬಾಗಿಲು, ಮಾಲೂರು, ಬಂಗಾರಪೇಟೆ ಅಂತ ಊರಿಗೆ ಹೋಗಿಬಿಡುತ್ತಾರೆ. ಇವರು ಎಲ್ಲಿಗೆ ಹೋಗಬೇಕು? ಆ ತಿಂಗಳು ವಿಮಾನದ ಟಿಕೆಟ್ ದರ ಏರಿರುತ್ತದೆ, ಮೂರು ವಾರಕ್ಕೆ ಅಷ್ಟು ದುಡ್ಡು ಯಾರ ಹತ್ತಿರವೂ ಇರುವುದಿಲ್ಲ. ಹಾಗಾಗಿ ಕಾಲೇಜಿನವರು ಈ ಸಲ ರಜೆಯ ಕಾರ್ಯಕ್ರಮ ಅಂತ ಒಂದು ಮಾಡಿದರು. ಮೂರು ಪ್ರವಾಸ, ಹತ್ತು ದಿನ ಕನ್ನಡ ತರಗತಿ, ಕ್ರಿಸ್‌ಮಸ್ ಊಟ, ಆಮೇಲೆ ಇಷ್ಟ ಇರುವ ಊರಿನ ಮನೆಗಳಲ್ಲಿ ಎರಡು ರಾತ್ರಿ ಉಳಿಯುವುದು. ಆ ಮನೆಗಳಲ್ಲಿ ನಮ್ಮದೂ ಒಂದು. ನಮ್ಮ ಮನೆಗೆ ಇಬ್ಬರು ಹುಡುಗಿಯರು ಬಂದರು, ಒಬ್ಬಳು ಟಾಂಜಾನಿಯಾದವಳು, ಇನ್ನೊಬ್ಬಳು ಇಥಿಯೋಪಿಯಾದವಳು. ಬರೆಯುತ್ತಿರುವುದು ಅವರು ಹೇಳಿದ್ದು, ನಾನು ಕಣ್ಣಾರೆ ಕಂಡದ್ದು ಎರಡೂ ಸೇರಿಸಿ.

ನಾನು ಯಾಕೆ ಇಷ್ಟು ತಲೆಕೆಡಿಸಿಕೊಂಡಿದ್ದೇನೆ ಅಂದರೆ, ನನ್ನ ಮಗ ಜರ್ಮನಿಯಲ್ಲಿ ಓದುತ್ತಿದ್ದಾನೆ. ಅಲ್ಲಿ ಡಿಸೆಂಬರ್ 24ರ ಮಧ್ಯಾಹ್ನಕ್ಕೇ ಅಂಗಡಿಗಳು ಬಾಗಿಲು ಹಾಕಲು ಶುರು ಮಾಡುತ್ತವೆ, 25 ಮತ್ತು 26 ಎರಡೂ ದಿನ ಪೂರ್ತಿ ರಜೆ. ಮೊದಲ ವರ್ಷ ಅವನಿಗೆ ಇದು ಗೊತ್ತಿರಲಿಲ್ಲ. ಫೋನ್ ಮಾಡಿದಾಗ "ಊಟ ಆಯ್ತಾ" ಅಂದರೆ "ಆಯ್ತಮ್ಮಾ" ಅಂದ. ಒಂದು ವಾರ ಆದಮೇಲೆ ಬಾಯಿಬಿಟ್ಟ, ಎರಡು ದಿನವೂ ಬ್ರೆಡ್ಡಿಗೆ ನಾನು ಕಳಿಸಿದ್ದ ಮಾವಿನಕಾಯಿ ಉಪ್ಪಿನಕಾಯಿ ಹಚ್ಚಿಕೊಂಡು ತಿಂದನಂತೆ. ಆ ದಿನ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಕಾಲೇಜಿನವರು ಮನೆ ಬೇಕು ಅಂತ ಕೇಳಿದ ಕೂಡಲೇ ನಮ್ಮ ಹೆಸರು ಕೊಟ್ಟೆ.

ಊಟದ ಕಡೆ ಬರೋಣ, ಇಡೀ ಕಾರ್ಯಕ್ರಮ ಎಡವಿದ್ದು ಅಲ್ಲೇ. ರಜೆಯಲ್ಲಿ ಮೆಸ್ ಬಂದ್. ಕಾಂಟ್ರಾಕ್ಟರ್‌ನವರ ಹುಡುಗರೂ ಊರಿಗೆ ಹೋಗಬೇಕಲ್ವಾ, ಅದು ತಪ್ಪಲ್ಲ. ಆದರೆ ಪಕ್ಕದಲ್ಲೇ ಒಂದು ಸಣ್ಣ ಅಡುಗೆಮನೆ ಇದೆ, ಗ್ಯಾಸ್ ಇದೆ, ಪಾತ್ರೆ ಇದೆ, ಅದಕ್ಕೂ ಬೀಗ. ಬೀಗದ ಕೈ ವಾರ್ಡನ್ ಹತ್ತಿರ, ವಾರ್ಡನ್ ರಜೆಯಲ್ಲಿ. ಮಕ್ಕಳು ಆರು ದಿನ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿಗೆ ಮೂರು ಹೊತ್ತೂ ಹೋಗಿಬಂದರು. ಪ್ರವಾಸಕ್ಕೆ ತಲೆಗೆ 600 ರೂಪಾಯಿಯಂತೆ ಕೊಟ್ಟಿದ್ದಾರೆ, ಅದರ ಮೇಲೆ ಹೋಟೆಲ್ ಖರ್ಚು. ಕೊನೆಗೆ ಭೂತಾನ್‌ನ ಒಬ್ಬ ಹುಡುಗ ಕಚೇರಿಗೆ ಹೋಗಿ ಕೂತುಬಿಟ್ಟ, ಬೀಗ ತೆಗೆಯುವವರೆಗೂ ಏಳುವುದಿಲ್ಲ ಅಂತ. ಆಗ ತೆಗೆದರು. ಆ ಹುಡುಗನನ್ನು ನಾನು ನೋಡಿಲ್ಲ, ನೋಡಿದರೆ ಕರೆದು ಊಟ ಹಾಕುತ್ತೇನೆ.

ಇನ್ನು 25ರ ಊಟ. ಕೇಕು, ಚಿಕನ್ ಬಿರಿಯಾನಿ, ಮೊಟ್ಟೆ, ಐಸ್‌ಕ್ರೀಮ್. ಮನಸ್ಸಿಟ್ಟು ಮಾಡಿದ್ದರು, ರುಚಿಯೂ ಚೆನ್ನಾಗಿತ್ತಂತೆ. ಆದರೆ ಇಥಿಯೋಪಿಯಾದ ಮಕ್ಕಳು ತಟ್ಟೆ ಮುಂದೆ ಇಟ್ಟುಕೊಂಡು ಬರೀ ಸಲಾಡು ತಿಂದು ಎದ್ದರು. ಅವರು ಆರ್ಥಡಾಕ್ಸ್ ಕ್ರೈಸ್ತರು, ಅವರ ಕ್ರಿಸ್‌ಮಸ್ ಬರುವುದು ಜನವರಿ 7ಕ್ಕೆ. ಅದಕ್ಕೆ ಮುಂಚೆ 43 ದಿನ ಉಪವಾಸದ ಕಟ್ಟುಪಾಡು, ಮಾಂಸ ಮೊಟ್ಟೆ ಹಾಗಿರಲಿ, ಹಾಲು, ಮೊಸರು, ಬೆಣ್ಣೆ ಕೂಡ ಮುಟ್ಟುವುದಿಲ್ಲ. ಒಂದು ಮಾತು ಮೊದಲೇ ಕೇಳಿದ್ದರೆ ಸಾಕಿತ್ತು. ಅವತ್ತು ಅನ್ನ, ಬೇಳೆಸಾರು, ಒಂದು ಪಲ್ಯ ಮಾಡಿದ್ದರೆ ಆ ಮಕ್ಕಳಿಗೆ ಅದೇ ಹಬ್ಬ.

ನನಗೂ ಗೊತ್ತಿರಲಿಲ್ಲ, ನಿಜ ಹೇಳಬೇಕು. ಅವಳು ಮನೆಗೆ ಬಂದ ಸಂಜೆ ನಾನು ಮಜ್ಜಿಗೆ ಕೊಟ್ಟೆ, ಅವಳು ಬೇಡ ಅಂದಳು. ನಾಚಿಕೆ ಅಂದುಕೊಂಡು ಇನ್ನೊಂದು ಸಲ ಕೊಟ್ಟೆ. ಆಗ ವಿವರವಾಗಿ ಹೇಳಿದಳು. ಅವರ ಕ್ಯಾಲೆಂಡರೇ ಬೇರೆ, ವರ್ಷಕ್ಕೆ 13 ತಿಂಗಳು, ಹದಿಮೂರನೆಯದು ಐದಾರು ದಿನದ್ದು ಮಾತ್ರ. ಅತ್ತೆಗೆ ಇದು ಬಹಳ ಹಿಡಿಸಿತು. "ನಮ್ಮ ಅಧಿಕ ಮಾಸದ ಥರಾನೇನಮ್ಮ?" ಅಂತ ಕೇಳಿದರು. ನಾನು ಅದನ್ನು ಅವಳಿಗೆ ಇಂಗ್ಲಿಷಿನಲ್ಲಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ನಮ್ಮದು ಪೂರ್ತಿ ತಿಂಗಳು, ಅದೂ ಪ್ರತಿ ವರ್ಷ ಬರುವುದಿಲ್ಲ ಅಂದಾಗ ಅವಳಿಗೂ ಆಶ್ಚರ್ಯ.

ಆ ರಾತ್ರಿ ಹಿತಕಬೇಳೆ ಸಾರು, ಮುದ್ದೆ. ಡಿಸೆಂಬರ್ ಅಂದರೆ ನಮ್ಮ ಕಡೆ ಅವರೆಕಾಯಿ ಕಾಲ, ಬೇರೆ ಏನು ಮಾಡುವುದು ಹೇಳಿ? ಒಗ್ಗರಣೆಗೆ ತುಪ್ಪದ ಬದಲು ಎಣ್ಣೆ ಹಾಕಿದೆ, ಅವಳ ಕಟ್ಟುಪಾಡಿಗೆ ಸರಿಹೋಯಿತು. ಮುದ್ದೆ ಏನು ಅಂತ ಹೇಳಿಕೊಡೋಣ ಅಂತ ಅತ್ತೆ ಪಕ್ಕದಲ್ಲೇ ಕೂತಿದ್ದರು. ಅಷ್ಟರಲ್ಲಿ ಟಾಂಜಾನಿಯಾದ ಹುಡುಗಿ ಕೈ ತೊಳೆದು ಬಂದು, ಒಂದು ತುತ್ತು ಮುರಿದು, ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿನಿಂದ ಗುಳಿ ಮಾಡಿ, ಸಾರು ಎತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಅತ್ತೆ ನನ್ನ ಕಡೆ ತಿರುಗಿ "ಇವಳಿಗೆ ಯಾರೇ ಕಲಿಸಿದ್ರು?" ಅಂದರು. ಅವರ ಊರಿನಲ್ಲಿ ಮೆಕ್ಕೆಜೋಳದ ಹಿಟ್ಟಿನಿಂದ ಉಗಾಲಿ ಅಂತ ಮಾಡುತ್ತಾರೆ, ತಿನ್ನುವುದು ಹೀಗೇ. ರಾಗಿಗೆ ಅಲ್ಲಿ ಉಲೇಜಿ ಅನ್ನುತ್ತಾರೆ, ಅದರ ಗಂಜಿ ಕುಡಿದೇ ಅವಳು ಬೆಳೆದದ್ದು. ಇಥಿಯೋಪಿಯಾದವಳು ಅವರಲ್ಲಿ ರಾಗಿಗೆ ದಾಗುಸಾ ಅನ್ನುತ್ತಾರೆ ಅಂದಳು. ರಾಗಿಯ ಮೂಲ ಪೂರ್ವ ಆಫ್ರಿಕಾದ ಎತ್ತರದ ಸೀಮೆ, ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆಗೆ ಬಂತು ಅಂತ ಓದಿದ್ದೆ. ಓದಿದ್ದು ಬೇರೆ. ಆ ಮಣ್ಣಿನ ಮಕ್ಕಳು ಕೋಲಾರದ ನಮ್ಮ ಅಡುಗೆಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಉಣ್ಣುವುದನ್ನು ನೋಡಿ ಎದೆ ತುಂಬಿ ಬಂತು.

ಮನೆಯಲ್ಲಿ ಉಳಿಸಿಕೊಳ್ಳುವುದರಲ್ಲಿ ಒಂದು ಕಾಗದದ ಕೆಲಸ ಇದೆ. ವಿದೇಶದವರು ನಮ್ಮ ಮನೆಯಲ್ಲಿ ತಂಗಿದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ತುಂಬಬೇಕು, ಸಿ ಫಾರಂ ಅಂತ ಜನ ಹೇಳುವುದು ಇದನ್ನೇ. ನನಗೆ ಹೆದರಿಕೆಯೇ ಆಗಿತ್ತು. ಈ ವಿಷಯದಲ್ಲಿ ಕಚೇರಿಯವರಿಗೆ ಪೂರ್ತಿ ಅಂಕ. ಒಬ್ಬ ಹುಡುಗ ಮನೆಗೇ ಬಂದು, ಪಾಸ್‌ಪೋರ್ಟ್, ವೀಸಾ ವಿವರ ಎಲ್ಲ ಜೊತೆಗೆ ಕೂತು ತುಂಬಿಸಿ, ಪ್ರತಿ ಕೊಟ್ಟು ಹೋದ. ಒಂದು ರೂಪಾಯಿ ಕೇಳಲಿಲ್ಲ.

ಪ್ರವಾಸಗಳಲ್ಲಿ ಅಂತರಗಂಗೆ ಎಲ್ಲರಿಗೂ ಇಷ್ಟವಾಯಿತು. ಊರಿಗೆ ಹತ್ತಿರ, ಬೆಳಗ್ಗೆ ಹೋಗಿ ಮಧ್ಯಾಹ್ನಕ್ಕೆ ವಾಪಸ್. ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ನೀರು ಬರುವುದನ್ನು ನೋಡಿ, ಮೇಲೆ ಬಂಡೆಗಳ ನಡುವಿನ ಗುಹೆಗಳಲ್ಲಿ ತೂರಿ ಬಂದರು. ಕೋತಿ ಕಾಟದ ಬಗ್ಗೆ ಯಾರೂ ಹೇಳಿರಲಿಲ್ಲ, ಒಬ್ಬಳ ಬಿಸ್ಕತ್ ಪೊಟ್ಟಣ ಹೋಯಿತು. ಕೋಟಿಲಿಂಗೇಶ್ವರಕ್ಕೂ ಹೋಗಿದ್ದರು, 108 ಅಡಿ ಲಿಂಗದ ಮುಂದೆ ಫೋಟೊ ತೆಗೆಸಿಕೊಂಡರು, ಅಷ್ಟೇ.

ಕೆಜಿಎಫ್ ಪ್ರವಾಸದ ಬಗ್ಗೆ ಮಾತ್ರ ನನಗೆ ಹೊಟ್ಟೆ ಉರಿಯಿತು. ಯೋಚನೆ ಎಷ್ಟು ಒಳ್ಳೆಯದು! ಡಿಸೆಂಬರ್ 24ಕ್ಕೆ ಕರೆದುಕೊಂಡು ಹೋಗಿದ್ದಾರೆ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದ ಊರು, ಆಗಿನ್ನೂ ಬೆಂಗಳೂರಿಗೇ ದೀಪ ಬಂದಿರಲಿಲ್ಲ. ಗಣಿ ಮೂರು ಕಿಲೋಮೀಟರಿಗಿಂತ ಆಳ ಹೋಗಿತ್ತು, 2001ರಲ್ಲಿ ಮುಚ್ಚಿತು. ಕಾಲೇಜಿನ ಮೇಷ್ಟ್ರು ಇದನ್ನೆಲ್ಲ ಚೆನ್ನಾಗಿ ಹೇಳಿದರಂತೆ. ಟಾಂಜಾನಿಯಾದಲ್ಲೂ ಗೇಟಾ ಅನ್ನುವ ಕಡೆ ಚಿನ್ನದ ಗಣಿ ಇದೆ, ಅದರ ಕಥೆ ಅವಳು ಬಸ್ಸಿನಲ್ಲಿ ಎಲ್ಲರಿಗೂ ಹೇಳಿದಳು. ಎಲ್ಲ ಸರಿ. ಆದರೆ ನಾಲ್ಕು ಗಂಟೆಗೆ ಬಸ್ ಹೊರಡಿಸಿಬಿಟ್ಟರು! ಕೆಜಿಎಫ್‌ನಲ್ಲಿ ಕ್ರಿಸ್‌ಮಸ್ ಹಿಂದಿನ ದಿನ ಕತ್ತಲಾದ ಮೇಲೆ ತಾನೇ ನೋಡಬೇಕಾದ್ದು. ಗಣಿ ಕಾರ್ಮಿಕರ ಲೈನ್ ಮನೆಗಳ ಮುಂದೆ ನಕ್ಷತ್ರ ಹತ್ತಿಸುತ್ತಾರೆ, ಚರ್ಚುಗಳಲ್ಲಿ ರಾತ್ರಿ ಪ್ರಾರ್ಥನೆ, ಬೀದಿಯಲ್ಲಿ ಹಾಡು. ಟಾಂಜಾನಿಯಾದ ಹುಡುಗಿಗೆ ಮನೆ ಬಿಟ್ಟು ಬಂದಮೇಲೆ ಅದು ಮೊದಲ ಕ್ರಿಸ್‌ಮಸ್. ಆ ರಾತ್ರಿ ಅವಳು ಹಾಸ್ಟೆಲ್ ರೂಮಿನಲ್ಲಿ ಒಬ್ಬಳೇ ಕೂತು ಅವರಮ್ಮನಿಗೆ ವಿಡಿಯೊ ಕಾಲ್ ಮಾಡಿಕೊಂಡು ಅತ್ತಳಂತೆ. ಡ್ರೈವರಿಗೆ ಓವರ್‌ಟೈಮ್ ಕೊಟ್ಟು ಒಂಬತ್ತು ಗಂಟೆಯವರೆಗೆ ನಿಲ್ಲಿಸಿಕೊಂಡಿದ್ದರೆ ಎಷ್ಟಾಗುತ್ತಿತ್ತು? ನನಗೆ ಈಗಲೂ ಇದು ಮನಸ್ಸಿನಿಂದ ಹೋಗಿಲ್ಲ.

ಕನ್ನಡ ತರಗತಿ ದಿನಕ್ಕೆ ಒಂದು ಗಂಟೆ. ಮೇಡಂ ಒಳ್ಳೆಯವರು, ಆದರೆ ಹತ್ತು ದಿನದಲ್ಲಿ ಆರು ದಿನ ಅ ಆ ಇ ಈ ಬರೆಸಿದರು. ಈ ಮಕ್ಕಳಿಗೆ ಬೇಕಾಗಿದ್ದು ವಾರ್ಡಿನ ಮಾತು. "ಎಲ್ಲಿ ನೋವು?", "ಎಷ್ಟು ದಿನದಿಂದ?", "ಊಟ ಮಾಡಿದ್ದೀರಾ?" ಇಷ್ಟು ಬಂದರೆ ರೋಗಿ ಮುಖ ಅರಳುತ್ತದೆ. ಕೋಲಾರದಲ್ಲಂತೂ ತೆಲುಗು ಮಾತಾಡುವವರೂ ಜಾಸ್ತಿ, ನಾಲ್ಕು ತೆಲುಗು ಮಾತನ್ನೂ ಸೇರಿಸಬಹುದಿತ್ತು. ನಮ್ಮ ಮನೆಯಲ್ಲಿ ಎರಡು ದಿನದಲ್ಲಿ ಅತ್ತೆ ಕಲಿಸಿದ ಕನ್ನಡವೇ ಅವರಿಗೆ ಈಗ ಕೆಲಸಕ್ಕೆ ಬರುತ್ತಿದೆ. ಅತ್ತೆಗೆ ಮಂಡಿನೋವು, ದಿನಕ್ಕೆ ಹತ್ತು ಸಲ ಹೇಳುತ್ತಾರೆ, ಹಾಗಾಗಿ "ಮಂಡಿ ನೋವು" ಇಬ್ಬರಿಗೂ ಚೆನ್ನಾಗಿ ಬರುತ್ತದೆ.

ಇನ್ನೊಂದು ಸಣ್ಣ ವಿಷಯ, ಚಳಿಯದ್ದು. ಆಫ್ರಿಕಾದವರಿಗೆ ಚಳಿ ಗೊತ್ತಿಲ್ಲ ಅಂತಲೋ ಏನೋ, ಒಂದೊಂದೇ ತೆಳು ಹೊದಿಕೆ. ಮೋಡ ಇದ್ದ ದಿನ ಸೋಲಾರ್ ನೀರು ಬಿಸಿಯಾಗಲಿಲ್ಲ. ಕೇಳೋಣ ಅಂದರೆ ರಾತ್ರಿ ಎಂಟರ ಮೇಲೆ ಫೋನ್ ಎತ್ತುವವರೇ ಇಲ್ಲ. ಜ್ವರ ಬಂದಿದ್ದರೆ ಏನು ಮಾಡಬೇಕಿತ್ತು? ರಜೆಯಲ್ಲಿ ರಾತ್ರಿ ಫೋನ್ ಎತ್ತುವ ಒಬ್ಬರು ಬೇಕೇ ಬೇಕು, ಒಂದು ಪ್ರವಾಸ ಕಡಿಮೆ ಮಾಡಿದರೂ ಪರವಾಗಿಲ್ಲ.

ಬೀಗ ತೆಗೆದಮೇಲೆ ಆ ಹಾಸ್ಟೆಲೇ ಬೇರೆಯಾಯಿತು. ಯಾರ ಕಾರ್ಯಕ್ರಮವೂ ಬೇಕಾಗಲಿಲ್ಲ. ಒಂದು ದಿನ ಪಿಲಾವ್, ಒಂದು ದಿನ ಭೂತಾನ್‌ನವರ ಮೆಣಸಿನಕಾಯಿ ಚೀಸ್ ಸಾರು. ಅವರ ಖಾರದ ಮುಂದೆ ನಮ್ಮ ಖಾರ ಏನೂ ಅಲ್ಲವಂತೆ. ಜನವರಿ 7ಕ್ಕೆ ನಮ್ಮನ್ನೂ ಕರೆದಿದ್ದರು, ನಾನು ಅತ್ತೆ ಇಬ್ಬರೂ ಆಟೊ ಮಾಡಿಕೊಂಡು ಹೋದೆವು. ಇಥಿಯೋಪಿಯಾದ ಹುಡುಗಿ ರಾಗಿಹಿಟ್ಟು, ಅಕ್ಕಿಹಿಟ್ಟು ಕಲಸಿ ಎರಡು ದಿನ ಹುಳಿ ಬರಿಸಿ ಇಂಜೆರಾ ಮಾಡಿದ್ದಳು, ಒಂದೇ ಕಡೆ ಬೇಯಿಸುವ ದೊಡ್ಡ ದೋಸೆ. ಅವರ ಊರಿನ ಟೆಫ್ ಧಾನ್ಯ ಇಲ್ಲಿ ಸಿಗುವುದಿಲ್ಲವಲ್ಲ, ಅದಕ್ಕೇ ರಾಗಿ. ಮೇಲೆ ಕೋಳಿ ಸಾರು, ಮೊಟ್ಟೆ. 43 ದಿನ ಆದಮೇಲೆ ಅವಳು ಆ ಮೊದಲ ತುತ್ತು ತಿಂದದ್ದನ್ನು ನೋಡಬೇಕಿತ್ತು. ಬೆಂಗಳೂರಿನಿಂದ ತರಿಸಿದ ಹಸಿ ಕಾಫಿ ಬೀಜವನ್ನು ನಮ್ಮೆದುರೇ ಹುರಿದು, ಕುಟ್ಟಿ, ಮೂರು ಸುತ್ತು ಕಾಫಿ ಕೊಟ್ಟಳು. ಮೂರೂ ಕುಡಿಯದೆ ಏಳಬಾರದಂತೆ. ಬಿಪಿ ಇರುವ ನಮ್ಮತ್ತೆ ಮೂರನ್ನೂ ಕುಡಿದರು.

ಮುಂದಿನ ಡಿಸೆಂಬರ್‌ಗೆ ಹೆಸರು ಕೊಡುವ ಯೋಚನೆ ಇರುವ ಕೋಲಾರದವರು ನವೆಂಬರ್‌ನಲ್ಲೇ ಕಾಲೇಜಿನ ಕಚೇರಿಗೆ ಹೋಗಿ ಹೇಳಿ, ಕೊನೆಗೆ ಹೋದರೆ ಮಕ್ಕಳನ್ನು ಆಗಲೇ ಹಂಚಿಬಿಟ್ಟಿರುತ್ತಾರೆ. ಏನು ತಿನ್ನುತ್ತಾರೆ, ಏನು ಬಿಟ್ಟಿದ್ದಾರೆ ಅಂತ ಮೊದಲೇ ಕೇಳಿಕೊಳ್ಳಿ. ಒಂದು ದಪ್ಪ ರಗ್ಗು ಎತ್ತಿಡಿ. ನಾನು ಆಗಲೇ ಇಬ್ಬರಿಗೆ ಹೇಳಿಟ್ಟಿದ್ದೇನೆ, 24ರ ರಾತ್ರಿ ಕೆಜಿಎಫ್‌ಗೆ ನಮ್ಮ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆ ಅಂತಲೂ ಹೇಳಿದ್ದೇನೆ. ಅತ್ತೆಯ ಹಳೆಯ ಮುದ್ದೆ ಕೋಲು ಈಗ ಹಾಸ್ಟೆಲ್ ಅಡುಗೆಮನೆಯಲ್ಲಿದೆ, ಉಗಾಲಿ ತಿರುಗಿಸಲು ಬೇಕು ಅಂತ ಅವಳು ಕೇಳಿ ತೆಗೆದುಕೊಂಡು ಹೋದಳು.