ಒಟಿಟಿಗೆ ಹಾಕಿಸುತ್ತೇವೆಂದು ಹಣವನ್ನೂ ಹಕ್ಕನ್ನೂ ಕೇಳುವವರ ಬಗ್ಗೆ

ಸ್ವಂತ ದುಡ್ಡಿನಲ್ಲೋ ಗೆಳೆಯರ ಸಾಲದಲ್ಲೋ ಕನ್ನಡದಲ್ಲಿ ಸಣ್ಣ ಚಿತ್ರವೊಂದನ್ನು ಮಾಡಿ, ಸೆನ್ಸಾರ್ ಮುಗಿಸಿ, ಇನ್ನು ಇದನ್ನು ಎಲ್ಲಿ ತೋರಿಸುವುದು ಎಂದು ಯೋಚಿಸುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಂಥ ಚಿತ್ರಗಳ ನಿರ್ಮಾಪಕರಿಗೆ ಒಂದು ಬಗೆಯ ಕರೆ ಬರುತ್ತದೆ. ಮಾತನಾಡುವವರು ತಮ್ಮನ್ನು ಅಗ್ರಿಗೇಟರ್, ಅಂದರೆ ನಿರ್ಮಾಪಕರಿಂದ ಚಿತ್ರ ಪಡೆದು ಒಟಿಟಿಗಳಿಗೆ ತಲುಪಿಸುವ ಮಧ್ಯವರ್ತಿ, ಎಂದು ಪರಿಚಯಿಸಿಕೊಳ್ಳುತ್ತಾರೆ, ದೊಡ್ಡ ಒಟಿಟಿ ವೇದಿಕೆಗಳ ಹೆಸರುಗಳನ್ನು ಒಂದರ ಹಿಂದೊಂದು ಹೇಳುತ್ತಾರೆ, ಚಿತ್ರದ ಟ್ರೇಲರ್ ತಮಗೆ ಬಹಳ ಹಿಡಿಸಿತೆನ್ನುತ್ತಾರೆ. ನಾನು ಸಂಕಲನ ಮಾಡಿದ ಚಿತ್ರವೊಂದು ಇಂಥ ಕರೆಯಿಂದ ಶುರುವಾದ ಒಪ್ಪಂದದಲ್ಲಿ ಸಿಕ್ಕಿಕೊಂಡು ಇನ್ನೂ ಹೊರಬಂದಿಲ್ಲ. ವಿಷಯ ವಕೀಲರ ನೋಟಿಸಿನ ಹಂತದಲ್ಲಿರುವುದರಿಂದ ಆ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ. ಅದೂ ಅಲ್ಲದೆ, ಹೆಚ್ಚೂಕಡಿಮೆ ಅದೇ ಒಪ್ಪಂದವನ್ನು ಬೇರೊಂದು ಲೆಟರ್‌ಹೆಡ್‌ನಲ್ಲಿ ಇನ್ನೊಬ್ಬ ಗೆಳೆಯರ ಬಳಿಯೂ ನೋಡಿದ್ದೇನೆ; ಆದ್ದರಿಂದ ಹೆಸರಿಗಿಂತ ನಮೂನೆಯನ್ನು ಗುರುತು ಹಿಡಿಯುವುದೇ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಂಕಲನಕಾರನಾದ ನನಗೂ ಚಿತ್ರದ ಮಾರಾಟಕ್ಕೂ ಏನು ಸಂಬಂಧ ಎಂದು ಕೇಳಬಹುದು. ನನ್ನ ಮನೆ ಬಾಡಿಗೆ ಹುಟ್ಟುವುದು ಮದುವೆ ವಿಡಿಯೊಗಳಿಂದ, ಕಂಪನಿಗಳ ತರಬೇತಿ ಚಿತ್ರಗಳಿಂದ, ಆಗಾಗ ಸಿಗುವ ಧಾರಾವಾಹಿ ಕೆಲಸದಿಂದ. ಸ್ವತಂತ್ರ ಚಿತ್ರಗಳನ್ನು ಮಾಡುವುದು ಇವುಗಳ ನಡುವೆ ಬಿಡುವು ಮಾಡಿಕೊಂಡು. ಅಲ್ಲಿ ಛಾಯಾಗ್ರಾಹಕರು, ಶಬ್ದ ವಿನ್ಯಾಸದವರು, ಸಂಕಲನಕಾರರು ಸಾಮಾನ್ಯವಾಗಿ ಸಂಭಾವನೆಯ ಒಂದು ಭಾಗವನ್ನಷ್ಟೇ ಕೈಗೆ ಪಡೆಯುತ್ತಾರೆ, ಉಳಿದದ್ದು ‘ವ್ಯಾಪಾರ ಆದ ಮೇಲೆ’ ಎಂಬ ಮಾತಿನ ಮೇಲೆ ನಿಲ್ಲುತ್ತದೆ. ಹೀಗಾಗಿ ನಿರ್ಮಾಪಕರು ಅಗ್ರಿಗೇಟರ್ ಜೊತೆ ಮಾಡಿಕೊಳ್ಳುವ ಒಪ್ಪಂದದಲ್ಲಿ ನಮ್ಮ ಹೆಸರು ಎಲ್ಲಿಯೂ ಇಲ್ಲದಿದ್ದರೂ ನಮ್ಮ ಬಾಕಿ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವ ಕಾಗದ ಅದೇ ಆಗಿರುತ್ತದೆ, ಮತ್ತು ಆ ಕಾಗದವನ್ನು ಸಹಿಗೆ ಮೊದಲು ನಮಗೆ ತೋರಿಸುವ ಪದ್ಧತಿ ಕನ್ನಡದಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಇಂಥ ಕರೆಗೆ ಜನ ಏಕೆ ಓಗೊಡುತ್ತಾರೆ ಎಂಬುದು ಅರ್ಥವಾಗದ ಸಂಗತಿಯೇನಲ್ಲ. ಚಿತ್ರಮಂದಿರಕ್ಕೆ ಹೋಗಬೇಕೆಂದರೆ ಡಿಸಿಪಿ (ಚಿತ್ರಮಂದಿರದ ಪ್ರೊಜೆಕ್ಟರಿಗೆ ಬೇಕಾದ ಡಿಜಿಟಲ್ ಪ್ರತಿ) ಮಾಡಿಸಬೇಕು, ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗಳಿಗೆ ಪರದೆಯ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು, ಪೋಸ್ಟರು ಮತ್ತು ಪ್ರಚಾರಕ್ಕೆ ಇನ್ನಷ್ಟು ಸುರಿಯಬೇಕು. ಇಷ್ಟೆಲ್ಲ ಆದ ಮೇಲೂ ಮಲ್ಟಿಪ್ಲೆಕ್ಸಿನಲ್ಲಿ ಸಿಗುವುದು ಯಾರೂ ಬಾರದ ಹೊತ್ತಿನ ಒಂದು ಪ್ರದರ್ಶನ, ಅದೂ ಸೋಮವಾರದವರೆಗೆ ಉಳಿದರೆ ಹೆಚ್ಚು. ಇನ್ನು ಒಟಿಟಿ ವೇದಿಕೆಗಳು ತಾರೆಯರಿಲ್ಲದ ಕನ್ನಡ ಚಿತ್ರವನ್ನು ನೇರವಾಗಿ ಕೊಳ್ಳುವುದು ಅಪರೂಪ. ರಕ್ಷಿತ್ ಶೆಟ್ಟಿಯವರಂಥ ಹೆಸರಾಂತ ನಟ-ನಿರ್ಮಾಪಕರ ಸಂಸ್ಥೆಯೇ ‘ಏಕಂ’ ಸರಣಿಗೆ ಒಟಿಟಿ ಸಿಗದೆ 2024ರಲ್ಲಿ ಅದಕ್ಕೆಂದೇ ಮಾಡಿದ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ, 2022ರಲ್ಲಿ ಬುಸಾನ್ ಚಿತ್ರೋತ್ಸವದಲ್ಲಿ ಕನ್ನಡ ಚಿತ್ರಗಳು ಬಹುಮಾನ ಗೆದ್ದಿವೆ ನಿಜ. ಆದರೆ ಅಂಥ ಕೀರ್ತಿಯಿಲ್ಲದ, ಮೂವತ್ತು ಲಕ್ಷದ ಆಸುಪಾಸಿನಲ್ಲಿ ತಯಾರಾದ ಚಿತ್ರವನ್ನು ಯಾರೋ ಒಬ್ಬರು ತಾವಾಗಿಯೇ ಹುಡುಕಿಕೊಂಡು ಬಂದರೆಂದರೆ ನಿರ್ಮಾಪಕರಿಗೆ ಅದು ದೇವರು ಕಳಿಸಿದ ಮನುಷ್ಯನಂತೆಯೇ ಕಾಣುತ್ತದೆ.

ನಮ್ಮ ಚಿತ್ರದ ವಿಷಯದಲ್ಲಿ ಮೊದಲ ಮಾತುಕತೆಗಳಲ್ಲಿ ಹಣದ ಪ್ರಸ್ತಾಪವೇ ಇರಲಿಲ್ಲ. ಆದಾಯದಲ್ಲಿ ನಿರ್ಮಾಪಕರಿಗೆ ಶೇ 70, ಅಗ್ರಿಗೇಟರ್‌ಗೆ ಶೇ 30 ಎಂಬ ಮಾತಾಯಿತು. ‘ಎಂಜಿ ಬಗ್ಗೆಯೂ ಒಂದು ವೇದಿಕೆಯವರ ಜೊತೆ ಮಾತು ನಡೆದಿದೆ’ ಎಂದು ಫೋನಿನಲ್ಲಿ ಹೇಳಿದರೇ ಹೊರತು ಕನಿಷ್ಠ ಖಾತರಿ ಮೊತ್ತದ ಈ ಮಾತು ಮುಂದೆ ಯಾವ ಇಮೇಲ್‌ನಲ್ಲಿಯೂ ಬರಲಿಲ್ಲ. ಒಪ್ಪಂದಕ್ಕೆ ಸಹಿಯಾದ ಮೇಲೆ ಬಂದದ್ದು ಡೆಲಿವರಿ ಶುಲ್ಕದ ಬಿಲ್ಲು. ಎನ್‌ಕೋಡಿಂಗ್‌ಗೆ ಇಷ್ಟು, ಸಬ್‌ಟೈಟಲ್ ಪರಿಶೀಲನೆಗೆ ಇಷ್ಟು, ಕ್ಯೂಸಿಗೆ (ಚಿತ್ರದ ತಾಂತ್ರಿಕ ಗುಣಮಟ್ಟದ ಪರೀಕ್ಷೆಗೆ) ಇಷ್ಟು, ಕೊನೆಗೆ ‘ಒಟಿಟಿ ವರ್ಗೀಕರಣ ಪ್ರಮಾಣಪತ್ರ’ ಎಂಬುದಕ್ಕೂ ಒಂದಿಷ್ಟು ಸೇರಿ ಎರಡು ಲಕ್ಷ ದಾಟಿತ್ತು. ಅಂಥ ಪ್ರಮಾಣಪತ್ರವೊಂದು ಇಲ್ಲವೇ ಇಲ್ಲ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಯಾವ ವಯಸ್ಸಿನವರು ನೋಡಬಹುದೆಂದು ವರ್ಗೀಕರಿಸುವುದು ಪ್ರಸಾರ ಮಾಡುವ ವೇದಿಕೆಯ ಕೆಲಸ. ಅದಕ್ಕಾಗಿ ನಿರ್ಮಾಪಕರು ಮಧ್ಯವರ್ತಿಗೆ ಶುಲ್ಕ ತೆರಬೇಕಾದ ಪ್ರಮೇಯವೇ ಬರುವುದಿಲ್ಲ.

ಕ್ಯೂಸಿ ವರದಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅದು ನನ್ನ ಮೇಜಿಗೆ ಬಂತು. ಹೊಸನಗರದ ಕಡೆ ಮಳೆಗಾಲಕ್ಕೆ ಸ್ವಲ್ಪ ಮೊದಲು ಚಿತ್ರೀಕರಿಸಿದ ರಾತ್ರಿಯ ದೃಶ್ಯವೊಂದು ಚಿತ್ರದಲ್ಲಿದೆ. ಅಂಗಳದಾಚೆಯ ಕತ್ತಲೆಯಲ್ಲಿ ಒಂದು ಮಿಂಚುಹುಳ ಎರಡು ಸಲ ಮಿನುಗಿ ಮರೆಯಾಗುತ್ತದೆ. ತಂಡದವರೆಲ್ಲ ಖುಷಿಪಟ್ಟು ಉಳಿಸಿಕೊಂಡ ಶಾಟ್ ಅದು. ವರದಿಯಲ್ಲಿ ಆ ಟೈಮ್‌ಕೋಡ್‌ನ ಎದುರು ‘ಡೆಡ್ ಪಿಕ್ಸೆಲ್, ಗಂಭೀರ ದೋಷ, ಸರಿಪಡಿಸದಿದ್ದರೆ ತಿರಸ್ಕಾರ’ ಎಂದು ಬರೆದಿದ್ದರು. ಕ್ಯಾಮೆರಾದ ಸೆನ್ಸರ್‌ನಲ್ಲಿ ಸತ್ತ ಪಿಕ್ಸೆಲ್ ಚೌಕಟ್ಟಿನ ಒಂದೇ ಜಾಗದಲ್ಲಿ ಅಲ್ಲಾಡದೆ ಕೂತಿರುತ್ತದೆ. ಇದು ಬಾಳೆಗಿಡದ ಕಡೆಯಿಂದ ಬಾವಿಕಟ್ಟೆಯವರೆಗೆ ಹಾರಿಹೋಗುತ್ತದೆ. ಸಾಯುತ್ತಿರುವ ಅಜ್ಜಿ ಪಿಸುಗುಟ್ಟುವ ಮಾತನ್ನು ‘ಸಂಭಾಷಣೆಯ ಮಟ್ಟ ಕಡಿಮೆ’ ಎಂದು ಗುರುತಿಸಿದ್ದರು. ಚಿತ್ರವನ್ನು ಮನುಷ್ಯರು ನೋಡಿರಲೇ ಇಲ್ಲವೆಂಬುದು ನನ್ನ ಅನುಮಾನ. ತಂತ್ರಾಂಶವೊಂದು ಉಗುಳಿದ ಪಟ್ಟಿಯನ್ನೇ ಪಿಡಿಎಫ್ ಮಾಡಿ ಕಳಿಸಿದ್ದಿರಬೇಕು. ‘ದೋಷ ನಿವಾರಣೆ’ಯನ್ನು ತಮ್ಮ ಸ್ಟುಡಿಯೊದಲ್ಲಿಯೇ ಮಾಡಿಸಬೇಕು, ಅದಕ್ಕೆ ಪ್ರತ್ಯೇಕ ದರ ಎಂಬ ಟಿಪ್ಪಣಿ ಕೆಳಗಿತ್ತು. ಪ್ರತಿಯೊಂದು ಅಂಶಕ್ಕೂ ನಾನು ಲಿಖಿತ ಉತ್ತರ ಕೊಟ್ಟೆ. ಅದಕ್ಕೆ ಪ್ರತಿಕ್ರಿಯೆ ಬರಲಿಲ್ಲ, ಆದರೆ ‘ಬಿಡುಗಡೆ ತಡವಾಗುತ್ತದೆ’ ಎಂದು ನಿರ್ಮಾಪಕರಿಗೆ ದಿನಾ ಫೋನು ಹೋಗತೊಡಗಿತು. ಅವರು ಹಣ ಕಟ್ಟಿದರು.

ಒಪ್ಪಂದವನ್ನು ನಾನು ಓದಿದ್ದು ಇದಾದ ಮೇಲೆ. ಹದಿನೆಂಟು ಪುಟದ ಅದರಲ್ಲಿ ನಿಜವಾಗಿ ಕೆಲಸ ಮಾಡುವ ಸಾಲುಗಳು ನಾಲ್ಕೈದು ಮಾತ್ರ. ಹಕ್ಕುಗಳ ವಿವರಣೆಯಲ್ಲಿ ಡಿಜಿಟಲ್ ಎಂದಷ್ಟೇ ಇರದೆ ಸ್ಯಾಟಲೈಟ್, ಡಬ್ಬಿಂಗ್, ರಿಮೇಕ್, ವಿಮಾನಗಳಲ್ಲಿನ ಪ್ರದರ್ಶನ, ತುಣುಕುಗಳ ಬಳಕೆ ಎಲ್ಲವೂ ಸೇರಿದ್ದವು. ಪ್ರದೇಶ ಇಡೀ ಜಗತ್ತು, ಅವಧಿ ಶಾಶ್ವತ. ಭಾರತದಲ್ಲಿ ಚಲನಚಿತ್ರದ ಕೃತಿಸ್ವಾಮ್ಯ ಇರುವುದು ಪ್ರಕಟವಾದ ಮರುವರ್ಷದಿಂದ 60 ವರ್ಷ. ಅಂದರೆ ಶಾಶ್ವತ ಎಂಬ ಆ ಒಂದು ಪದಕ್ಕೆ ಈಗ ಮೂವತ್ತೈದರ ನಿರ್ಮಾಪಕ ತನ್ನ ಜೀವಮಾನದ ಹಕ್ಕನ್ನೇ ಬರೆದುಕೊಟ್ಟಂತೆ. ಆಮೇಲೆ ಶೇ 70ರ ಕಥೆ. ಆ ಪಾಲು ಒಟ್ಟು ಆದಾಯದ ಮೇಲಲ್ಲ, ‘ನಿವ್ವಳ ಆದಾಯ’ದ ಮೇಲೆ, ನಿವ್ವಳವೆಂದರೆ ಅಗ್ರಿಗೇಟರ್ ತನ್ನ ವಿವೇಚನೆಯಂತೆ ಮಾಡುವ ಪ್ರಚಾರ, ತಾಂತ್ರಿಕ, ಆಡಳಿತ ವೆಚ್ಚಗಳನ್ನೆಲ್ಲ ಕಳೆದು ಉಳಿದದ್ದು, ಮತ್ತು ಆ ವೆಚ್ಚಕ್ಕೆ ಮೇಲ್ಮಿತಿಯೆಂಬುದೇ ಇಲ್ಲ. ಆದಾಯದ ವ್ಯಾಖ್ಯೆಯೊಳಗೆ ‘ಪ್ರಶಸ್ತಿ, ಅನುದಾನ, ಸಹಾಯಧನ’ ಎಂಬ ಮೂರು ಪದಗಳೂ ತೂರಿಕೊಂಡಿದ್ದವು. ಕರ್ನಾಟಕ ಸರ್ಕಾರ ಗುಣಾತ್ಮಕ ಚಿತ್ರಗಳಿಗೆ ಕೊಡುವ ಸಹಾಯಧನದಲ್ಲಿ ಅಗ್ರಿಗೇಟರ್‌ಗೆ ಎಲ್ಲಿಂದ ಪಾಲು ಹುಟ್ಟಿತು ಎಂದು ಕೇಳಿದ್ದಕ್ಕೆ, ಅದು ಎಲ್ಲ ಒಪ್ಪಂದಗಳಲ್ಲೂ ಇರುವ ಸ್ಟ್ಯಾಂಡರ್ಡ್ ಕ್ಲಾಜ್ ಎಂದರು.

ಆಮೇಲೆ ನಡೆದದ್ದನ್ನು ಬೇಗ ಹೇಳಿಬಿಡಬಹುದು. ಚಿತ್ರವು ಹೆಸರು ಹೇಳಿದ್ದ ಯಾವ ವೇದಿಕೆಗೂ ಹೋಗದೆ, ಹಣ ಕೊಟ್ಟು ಬಾಡಿಗೆಗೆ ನೋಡುವ, ಹೆಚ್ಚಿನವರು ಕೇಳಿರದ ಆ್ಯಪ್ ಒಂದರಲ್ಲಿ ಬಂತು. ಲೆಕ್ಕಪತ್ರವನ್ನು ಮೂರು ತಿಂಗಳಿಗೊಮ್ಮೆ ಕೊಡಬೇಕೆಂದು ಒಪ್ಪಂದದಲ್ಲಿತ್ತು, ಬರಲಿಲ್ಲ. ಸುಮಾರು ಒಂದು ವರ್ಷದ ನಂತರ ಇಡೀ ಚಿತ್ರ ಒಂದು ಯೂಟ್ಯೂಬ್ ಚಾನೆಲ್‌ನಲ್ಲಿ, ನಡುನಡುವೆ ಜಾಹೀರಾತುಗಳ ಸಮೇತ ಕಾಣಿಸಿಕೊಂಡಿತು. ಶೀರ್ಷಿಕೆಯ ಜೊತೆಗೆ ಚಿತ್ರದಲ್ಲಿ ಇಲ್ಲದ ಪ್ರೇಮಕಥೆಯೊಂದನ್ನು ಸೂಚಿಸುವ ಸಾಲನ್ನು ಸೇರಿಸಿದ್ದರು. ಅದರ ಬೆನ್ನಿಗೇ ನಿರ್ದೇಶಕರ ಸ್ವಂತ ಚಾನೆಲ್‌ನಲ್ಲಿದ್ದ ಟ್ರೇಲರ್ ಮೇಲೆ ಕಂಟೆಂಟ್ ಐಡಿ (ಕೃತಿಸ್ವಾಮ್ಯವಿರುವ ವಿಡಿಯೊಗಳನ್ನು ತಾನಾಗಿಯೇ ಪತ್ತೆಹಚ್ಚುವ ಯೂಟ್ಯೂಬ್ ವ್ಯವಸ್ಥೆ) ಕ್ಲೇಮ್ ಬಂತು. ನಮ್ಮ ಮಾಸ್ಟರ್ ಫೈಲನ್ನೇ ಮಾದರಿಯಾಗಿ ಕೊಟ್ಟು, ಅದಕ್ಕೆ ಹೋಲುವ ಯಾವುದೇ ವಿಡಿಯೊ ತಮ್ಮದು ಎಂದು ಅಗ್ರಿಗೇಟರ್ ದಾಖಲಿಸಿದ್ದರು. ನಾವು ಆಕ್ಷೇಪ ಸಲ್ಲಿಸಿದರೆ ಉತ್ತರಿಸಲು ಅವರಿಗೆ 30 ದಿನ ಕಾಲಾವಕಾಶ ಇರುತ್ತದೆ, ಅವರು ಅದನ್ನು ತಿರಸ್ಕರಿಸಿದರೆ ನಾವು ಮತ್ತೆ ಮೇಲ್ಮನವಿ ಹಾಕಬೇಕು. ಅಷ್ಟರಲ್ಲಿ ಬೇರೆಯದೇ ಹೊಡೆತ ಬಿದ್ದಿತ್ತು. ಈಗಾಗಲೇ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುವ ಚಿತ್ರವನ್ನು ಅನೇಕ ಚಿತ್ರೋತ್ಸವಗಳು ಪರಿಗಣಿಸುವುದಿಲ್ಲ. ನಿರ್ದೇಶಕರು ಆ ವರ್ಷ ಕಳಿಸಬೇಕೆಂದಿದ್ದ ಕಡೆಗಳ ಬಾಗಿಲು ಹೀಗೆ ಮುಚ್ಚಿತು. ಆದಾಯ ಎಷ್ಟು ಬಂತೆಂದು ಲಿಖಿತವಾಗಿ ಕೇಳಿದಾಗ ಬಂದ ಒಂದು ಪುಟದ ಹಾಳೆಯಲ್ಲಿ ಗಳಿಕೆಗಿಂತ ವೆಚ್ಚವೇ ಹೆಚ್ಚಿತ್ತು, ನಿರ್ಮಾಪಕರೇ ಬಾಕಿದಾರರಾಗಿದ್ದರು. ನನ್ನ, ಛಾಯಾಗ್ರಾಹಕರ, ಶಬ್ದದವರ ಬಾಕಿ ಹಾಗೆಯೇ ಇದೆ.

ಕಾನೂನು ಇಲ್ಲಿ ನಿರ್ಮಾಪಕರ ಕೈಬಿಟ್ಟಿಲ್ಲ, ಒಪ್ಪಂದ ಬರೆದವರು ಅದನ್ನು ಬಲ್ಲವರಾಗಿದ್ದರು ಅಷ್ಟೆ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಅವಧಿ, ಯಾವ ಪ್ರದೇಶ, ಎಷ್ಟು ರಾಯಧನ ಅಥವಾ ಪ್ರತಿಫಲ ಎಂಬುದನ್ನು ಅದರಲ್ಲಿ ನಮೂದಿಸಬೇಕು. ಅವಧಿಯನ್ನು ಹೇಳಿರದಿದ್ದರೆ ಐದು ವರ್ಷ ಎಂದೂ ಪ್ರದೇಶವನ್ನು ಹೇಳಿರದಿದ್ದರೆ ಭಾರತ ಮಾತ್ರ ಎಂದೂ ಕಾಯ್ದೆಯೇ ಭಾವಿಸಿಕೊಳ್ಳುತ್ತದೆ. ಇನ್ನೂ ಮುಖ್ಯವಾದದ್ದು ಅದೇ ಕಲಮಿನ ನಾಲ್ಕನೆಯ ಉಪಕಲಂ: ಹಕ್ಕನ್ನು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ಬಳಸದ ಆ ಹಕ್ಕುಗಳ ವರ್ಗಾವಣೆ ತಾನಾಗಿಯೇ ರದ್ದಾಗುತ್ತದೆ, ಒಪ್ಪಂದದಲ್ಲಿ ಬೇರೆ ರೀತಿ ಹೇಳಿರದ ಪಕ್ಷದಲ್ಲಿ. ನಮ್ಮ ಒಪ್ಪಂದದ ಹನ್ನೆರಡನೆಯ ಪುಟದಲ್ಲಿ ‘19(4) ಈ ಒಪ್ಪಂದಕ್ಕೆ ಅನ್ವಯಿಸತಕ್ಕದ್ದಲ್ಲ’ ಎಂಬ ಒಂದೇ ಸಾಲು ಇತ್ತು. ಆ ಸಾಲು ಇಲ್ಲದಿದ್ದರೆ ಅವರು ಮುಟ್ಟಿಯೂ ನೋಡದ ಡಬ್ಬಿಂಗ್, ರಿಮೇಕ್, ಸ್ಯಾಟಲೈಟ್ ಹಕ್ಕುಗಳಾದರೂ ಈಗ ನಿರ್ಮಾಪಕರ ಕೈಗೆ ಮರಳಿರುತ್ತಿದ್ದವು. ನಿಮ್ಮ ಮುಂದೆ ಇರುವ ಕಾಗದದಲ್ಲಿ ಮೊದಲು ಹುಡುಕಬೇಕಾದದ್ದು ಈ ಸಾಲನ್ನು. ವ್ಯಾಜ್ಯವಾದರೆ ಮಧ್ಯಸ್ಥಿಕೆ ಯಾವ ಊರಿನಲ್ಲಿ ಎಂಬುದನ್ನೂ ನೋಡಿಕೊಳ್ಳಿ. ನಮ್ಮದರಲ್ಲಿ ಮುಂಬೈ ಎಂದಿದೆ, ಮತ್ತು ಅಲ್ಲಿಗೆ ಹೋಗಿಬರುವ ಖರ್ಚೇ ವಾದಿಸಬೇಕಾದ ಮೊತ್ತವನ್ನು ನುಂಗುವಂತಿದೆ.

ಹಣ ಕೇಳುವವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಚಿತ್ರೋತ್ಸವಗಳಿಗೆ ಪ್ರವೇಶ ಶುಲ್ಕ ಇರುತ್ತದೆ, ಗೋವಾದಲ್ಲಿ ಸರ್ಕಾರಿ ಸಂಸ್ಥೆಯಾದ ಎನ್‌ಎಫ್‌ಡಿಸಿ 2007ರಿಂದ ನಡೆಸುತ್ತಿರುವ ಚಿತ್ರ ಮಾರುಕಟ್ಟೆ ಫಿಲ್ಮ್ ಬಜಾರ್‌ನಲ್ಲಿ (ಈಗ ವೇವ್ಸ್ ಫಿಲ್ಮ್ ಬಜಾರ್) ಕೊಳ್ಳುವವರು ಚಿತ್ರ ನೋಡುವ ವ್ಯೂಯಿಂಗ್ ರೂಮ್‌ಗೆ ಚಿತ್ರ ಹಾಕಲೂ ಶುಲ್ಕ ಉಂಟು. ಆದರೆ ಇವರು ಯಾರೂ ಚಿತ್ರದ ಹಕ್ಕನ್ನು ಬರೆಸಿಕೊಳ್ಳುವುದಿಲ್ಲ. ಹಾಗೆಯೇ ಒಳ್ಳೆಯ ಸೇಲ್ಸ್ ಏಜೆಂಟರು ಹಕ್ಕನ್ನು ಬರೆಸಿಕೊಳ್ಳುತ್ತಾರೆ, ಆದರೆ ಕಮಿಷನ್ನನ್ನೂ ಖರ್ಚನ್ನೂ ಮಾರಾಟದ ಹಣದಿಂದ ಹಿಡಿದುಕೊಳ್ಳುತ್ತಾರೆಯೇ ವಿನಾ ನಿಮ್ಮ ಜೇಬಿನಿಂದ ಮೊದಲೇ ಕೇಳುವುದಿಲ್ಲ, ಖರ್ಚಿಗೆ ಮೇಲ್ಮಿತಿಯನ್ನೂ ಒಪ್ಪುತ್ತಾರೆ. ಹಣವನ್ನೂ ಮುಂಗಡವಾಗಿ ಪಡೆದು ಹಕ್ಕನ್ನೂ ಬರೆಸಿಕೊಂಡವರಿಗೆ ನಿಮ್ಮ ಚಿತ್ರ ಮಾರಾಟವಾಗಲೇಬೇಕೆಂಬ ತುರ್ತು ಉಳಿಯುವುದಿಲ್ಲ. ಅವರ ವ್ಯಾಪಾರ ನಿಮ್ಮ ಚೆಕ್ಕು ಪಾಸಾದ ದಿನವೇ ಮುಗಿದಿರುತ್ತದೆ. (ತಿಂಗಳಿಗೊಮ್ಮೆ ಆನ್‌ಲೈನ್‌ನಲ್ಲಿಯೇ ನಡೆದು, ಶುಲ್ಕ ಕಟ್ಟಿದ ಎಲ್ಲರಿಗೂ ಪೋಸ್ಟರಿನ ಮೇಲೆ ಹಾಕಿಕೊಳ್ಳುವ ಲಾರೆಲ್ ಚಿಹ್ನೆ ಹಂಚುವ ಚಿತ್ರೋತ್ಸವಗಳ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ. ಅಲ್ಲಿ ಕಳೆದುಕೊಳ್ಳುವುದು ಹಣವನ್ನು ಮಾತ್ರ.)

ಇನ್ನೂ ಸಹಿ ಹಾಕಿಲ್ಲದವರು ಹಕ್ಕುಗಳನ್ನು ಒಂದೊಂದಾಗಿ ಬಿಡಿಸಿ ಬರೆಯಿರಿ ಎಂದು ಕೇಳಬೇಕು: ಇಂತಿಂಥ ವೇದಿಕೆಗಳಿಗೆ, ಡಿಜಿಟಲ್ ಮಾತ್ರ, ಎರಡು ಅಥವಾ ಮೂರು ವರ್ಷಕ್ಕೆ, ಆರು ತಿಂಗಳಲ್ಲಿ ಹೆಸರಿಸಿದ ಯಾವ ವೇದಿಕೆಯಲ್ಲಿಯೂ ಬಾರದಿದ್ದರೆ ಒಪ್ಪಂದ ರದ್ದು. ಯೂಟ್ಯೂಬ್ ಮತ್ತು ಕಂಟೆಂಟ್ ಐಡಿಯನ್ನು ಹೆಸರು ಹೇಳಿಯೇ ಹೊರಗಿಡಿ. ಸಂಭಾಷಣೆಯಿಲ್ಲದೆ ಸಂಗೀತ ಮತ್ತು ಪರಿಣಾಮ ಶಬ್ದಗಳಷ್ಟೇ ಇರುವ ಎಂ ಆ್ಯಂಡ್ ಇ ಟ್ರ್ಯಾಕನ್ನು, ನೀವು ಡಬ್ಬಿಂಗ್ ಹಕ್ಕು ಕೊಟ್ಟಿರದವರ ಕೈಗೆ ಕೊಡಬೇಡಿ. ಅದು ಬೇಕಾಗುವುದು ಡಬ್ಬಿಂಗ್‌ಗೇ. ತಂತ್ರಜ್ಞರು ತಮ್ಮ ಬಾಕಿಯ ಬಗ್ಗೆ ನಿರ್ಮಾಪಕರಿಂದ ಪತ್ರ ಬರೆಸಿಕೊಳ್ಳುವಾಗ ‘ನಿವ್ವಳ ಆದಾಯ’ ಎಂಬುದರ ಬದಲು ‘ನಿರ್ಮಾಪಕರ ಖಾತೆಗೆ ಬರುವ ಮೊದಲ ಮೊತ್ತದಿಂದ’ ಎಂದು ಬರೆಸಲಿ, ಮಾರಾಟ ಒಪ್ಪಂದದ ಪ್ರತಿಯನ್ನು ಸಹಿಗೆ ಮೊದಲು ನೋಡುವ ಹಕ್ಕನ್ನೂ ಅದರಲ್ಲಿಯೇ ಸೇರಿಸಲಿ. ನಾನು ಈಗ ಹೊಸ ಚಿತ್ರ ಒಪ್ಪಿಕೊಳ್ಳುವಾಗ ಈ ಎರಡು ಸಾಲುಗಳಿಲ್ಲದೆ ಟೈಮ್‌ಲೈನ್ ತೆರೆಯುವುದಿಲ್ಲ. ಇಬ್ಬರು ನಿರ್ಮಾಪಕರು ಮುನಿಸಿಕೊಂಡರು, ಒಬ್ಬರು ಸಹಿ ಹಾಕಿದರು.

ಈಗಾಗಲೇ ಸಹಿ ಹಾಕಿರುವವರು ಮೊದಲು ಮಾಡಬೇಕಾದದ್ದು ದಾಖಲೆಗಳನ್ನು ಕೂಡಿಸುವುದು. ಚಿತ್ರ ಎಲ್ಲೆಲ್ಲಿ ಕಾಣಿಸಿಕೊಂಡಿದೆಯೋ ಅಲ್ಲಿನ ವಿಳಾಸ, ದಿನಾಂಕ, ವೀಕ್ಷಣೆಗಳ ಸಂಖ್ಯೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ನೋಟಿಸ್ ಹೋದ ಮರುದಿನವೇ ವಿಡಿಯೊ ಮಾಯವಾಗುವುದುಂಟು, ನಮ್ಮದೂ ಹಾಗೆಯೇ ಆಯಿತು. ಫೋನಿನಲ್ಲಿ ಕೊಟ್ಟ ಭರವಸೆಗಳನ್ನು ‘ನಿನ್ನೆ ತಾವು ಹೀಗೆ ತಿಳಿಸಿದ್ದೀರಿ’ ಎಂದು ಇಮೇಲ್‌ನಲ್ಲಿ ಬರೆದು ಕಳಿಸಿ. ಲೆಕ್ಕಪತ್ರ ಕೊಡದಿರುವುದು ಒಪ್ಪಂದದ ಉಲ್ಲಂಘನೆಯೇ ಆದ್ದರಿಂದ ಅದನ್ನೇ ಮೊದಲ ಅಂಶವಾಗಿಟ್ಟು, ಕೃತಿಸ್ವಾಮ್ಯದ ಕೆಲಸ ಗೊತ್ತಿರುವ ವಕೀಲರಿಂದ ನೋಟಿಸ್ ಕೊಡಿಸಿ. ನಮ್ಮ ನೋಟಿಸಿಗೆ ಅವರು ಕೊಟ್ಟ ಉತ್ತರದಲ್ಲಿ, ಡಿಜಿಟಲ್ ಬಿಟ್ಟು ಉಳಿದ ಹಕ್ಕುಗಳನ್ನು ಹಿಂದಿರುಗಿಸಲು ಸಿದ್ಧ, ಆದರೆ ‘ನಿರಾಕ್ಷೇಪಣಾ ಪತ್ರದ ಶುಲ್ಕ’ವಾಗಿ ಐವತ್ತು ಸಾವಿರ ಕಟ್ಟಬೇಕು ಎಂದಿದ್ದಾರೆ. ಕಟ್ಟಬಾರದೆಂದು ನಾನು ನಿರ್ಮಾಪಕರಿಗೆ ಹೇಳಿದ್ದೇನೆ.