ಬಳ್ಳಾರಿ ಜೀನ್ಸ್: ಹೊಲಿಗೆ ನಂಬಬಹುದು, ಲೇಬಲ್ ನಂಬಬೇಡಿ

ಬಳ್ಳಾರಿಯಲ್ಲಿ ಹೊಲಿದ ಜೀನ್ಸನ್ನು ಬಳ್ಳಾರಿಯಲ್ಲೇ ಕೊಂಡರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅದರ ಮೇಲೆ ಬರೆದದ್ದನ್ನು ನಂಬಿ ಕೊಂಡರೆ ಮಾತ್ರ ಮೋಸ. ಇಲ್ಲಿ ಹೇಳುತ್ತಿರುವುದು ಬೆಂಗಳೂರು ರಸ್ತೆ, ಬ್ರೂಸ್‌ಪೇಟೆ ಸುತ್ತಿನ ಅಂಗಡಿಗಳಲ್ಲಿ 600ರಿಂದ 900 ರೂಪಾಯಿ ಆಸುಪಾಸಿನಲ್ಲಿ ಸಿಗುವ, ಊರಿನ ಯೂನಿಟ್‌ಗಳಲ್ಲೇ ತಯಾರಾದ ಗಂಡಸರ ಪ್ಯಾಂಟಿನ ಬಗ್ಗೆ. ಡೆನಿಮ್ ಬಟ್ಟೆ ಬಹುಪಾಲು ಅಹಮದಾಬಾದ್ ಕಡೆಯ ಮಿಲ್ಲುಗಳದು; ಕಟಿಂಗ್, ಹೊಲಿಗೆ, ವಾಷಿಂಗ್ ಇಲ್ಲಿಯದು. ಒಂದು ಕಡೆ ಕತ್ತರಿಸಿ, ಕೌಲ್‌ಬಜಾರ್‌ನ ಯಾವುದೋ ಮನೆಯಲ್ಲಿ ಪೀಸ್ ಲೆಕ್ಕಕ್ಕೆ ಹೊಲಿಸಿ, ಇನ್ನೊಂದು ಕಡೆ ಕಾಜಾ ಬಟನ್ ಹಾಕಿಸಿ, ಆಮೇಲೆ ವಾಷಿಂಗ್‌ಗೆ ಕಳಿಸುತ್ತಾರೆ. ಇಷ್ಟು ಕೈ ದಾಟಿ ಬರುವ ಮಾಲು ಇದು. ಒಂದೇ ಲೇಬಲ್ಲಿನ ಎರಡು ಪ್ಯಾಂಟು ಒಂದೇ ಥರ ಇರುತ್ತವೆ ಅಂತ ಹೇಳಲಾಗದು. ಬ್ರ್ಯಾಂಡ್ ಬಿಟ್ಟು ಪೀಸ್ ನೋಡಬೇಕು.

ಮೊದಲು ಸೈಜು. 32 ಅಂತ ಬರೆದ ಪ್ಯಾಂಟು ಟೇಪಿನಲ್ಲಿ 33½ ಅಥವಾ 34 ಬಂದರೆ ಗಾಬರಿ ಬೇಡ. ಸೊಂಟದ ಪಟ್ಟಿ ಹೊಕ್ಕುಳಿನ ಹತ್ತಿರವಲ್ಲ, ಅದಕ್ಕಿಂತ ಕೆಳಗೆ ಕೂರುವುದರಿಂದ ಅಷ್ಟು ಹೆಚ್ಚು ಬೇಕೇ ಬೇಕು. ತಕರಾರು ಇರುವುದು ಬೇರೆ ಕಡೆ: ಹತ್ತಾರು ಪದರ ಬಟ್ಟೆ ಹಾಸಿ ಒಟ್ಟಿಗೆ ಮಷೀನಿನಲ್ಲಿ ಕತ್ತರಿಸುವಾಗ ಬ್ಲೇಡು ಸ್ವಲ್ಪ ವಾಲಿದರೂ ಮೇಲಿನ ಪದರಕ್ಕೂ ತಳದ ಪದರಕ್ಕೂ ಅಳತೆ ತಪ್ಪುತ್ತದೆ. ವಾಷಿಂಗ್‌ನಲ್ಲಿ ಒಂದೊಂದು ಥಾನಿನ ಬಟ್ಟೆ ಒಂದೊಂದು ಥರ ಕುಗ್ಗುತ್ತದೆ. ಅದಕ್ಕೇ ಬಟನ್ ಹಾಕಿ, ಕೌಂಟರ್ ಮೇಲೆ ಮಲಗಿಸಿ, ಮುಂದಿನ ಹಿಂದಿನ ಪಟ್ಟಿ ಸಮ ಮಾಡಿ, ಈ ತುದಿಯಿಂದ ಆ ತುದಿಗೆ ಅಳೆದು ಎರಡರಿಂದ ಗುಣಿಸಿ. ಮನೆಯಲ್ಲಿ ಚೆನ್ನಾಗಿ ಕೂಡುವ ಹಳೆ ಪ್ಯಾಂಟಿನ ಸೊಂಟ, ಮುಂದಿನ ರೈಸ್, ತೊಡೆ, ಬಾಟಮ್ (ಕಾಲಿನ ಕೆಳತುದಿಯ ಅಗಲ), ಒಳಗಾಲಿನ ಉದ್ದ ಇವೈದನ್ನು ಫೋನಿನಲ್ಲಿ ಬರೆದುಕೊಂಡು ಹೋದರೆ ಟ್ರಯಲ್ ರೂಮಿನ ಅರ್ಧ ಕೆಲಸ ಮುಗಿದಂತೆ.

ಈ ಐದರಲ್ಲಿ ಜನ ಕೇಳದೇ ಇರುವುದು, ಕೇಳಲೇಬೇಕಾದದ್ದು ರೈಸ್. ಕಾಲುಗಳ ಹೊಲಿಗೆ ಕೂಡುವ ಜಾಗದಿಂದ ಮುಂದಿನ ಪಟ್ಟಿಯ ಮೇಲಂಚಿನವರೆಗಿನ ಅಳತೆ ಅದು. 32ರ ಸೈಜಿನಲ್ಲಿ ಸುಮಾರು 8½ ಇಂಚು ಇದ್ದರೆ ಲೋ ರೈಸ್, 9½ರಿಂದ 10½ ಇದ್ದರೆ ಮಿಡ್, 11 ದಾಟಿದರೆ ಹೈ. ನೆಲದ ಮೇಲೆ ಕೂತು ಊಟ ಮಾಡುವವರಿಗೆ, ದಿನಾ ಬೈಕಿನಲ್ಲಿ ತೋರಣಗಲ್ಲಿಗೆ ಡ್ಯೂಟಿಗೆ ಹೋಗಿಬರುವವರಿಗೆ 10ಕ್ಕಿಂತ ಕಡಿಮೆ ಇರಬಾರದು. ಹಿಂದಿನ ರೈಸ್ ಅದಕ್ಕಿಂತ ನಾಲ್ಕು ಇಂಚಾದರೂ ಹೆಚ್ಚಿರಲಿ. ಅದು ಕಮ್ಮಿಯಾದರೆ ಬಗ್ಗಿದಾಗ ಬೆನ್ನು ಕಾಣುತ್ತದೆ, ಆಮೇಲೆ ಎಷ್ಟು ಬಿಗಿ ಬೆಲ್ಟ್ ಹಾಕಿದರೂ ಪ್ಯಾಂಟು ಜಾರುತ್ತಲೇ ಇರುತ್ತದೆ. ಊರಿನ ಸ್ಲಿಮ್ ಪ್ಯಾಂಟುಗಳಲ್ಲಿ ಹೆಚ್ಚಾಗಿ ಕೈಕೊಡುವುದು ಇದೇ. ಬಟ್ಟೆ ಉಳಿಸುವ ಜಾಣತನ ಮೊದಲು ತೋರುವುದು ಸೀಟಿನಲ್ಲಿ. ಇದನ್ನು ಆಲ್ಟರ್ ಮಾಡಿ ಸರಿಮಾಡಲೂ ಆಗುವುದಿಲ್ಲ.

ಸ್ಲಿಮ್, ಪೆನ್ಸಿಲ್, ನ್ಯಾರೋ, ಆಂಕಲ್, ಬ್ಯಾಗಿ: ಈ ಹೆಸರುಗಳಿಗೆ ಅಂಗಡಿಗೊಂದು ಅರ್ಥ. ತೊಡೆ ಮತ್ತು ಬಾಟಮ್ ಅಳೆದರೆ ಸಾಕು. ಮಲಗಿಸಿ ಅಳೆದಾಗ ಬಾಟಮ್ 6 ಇಂಚಿನ ಹತ್ತಿರವಿದ್ದರೆ ಪೆನ್ಸಿಲ್, 7ರ ಹತ್ತಿರ ಸ್ಲಿಮ್, 8 ಇದ್ದರೆ ಸ್ಟ್ರೇಟ್. ತೊಡೆ ದೊಗಲೆಯಾಗಿದ್ದು ಬಾಟಮ್ ಮಾತ್ರ ಕಿರಿದಾಗಿದ್ದರೆ ಅದು ಟೇಪರ್ಡ್. ತೊಡೆ ದಪ್ಪಗಿರುವವರು ಸ್ಲಿಮ್‌ನಲ್ಲೇ ಎರಡು ಸೈಜು ದೊಡ್ಡದು ತಂದು ಸೊಂಟ ಹಿಡಿಸುವ ಬದಲು ಟೇಪರ್ಡ್ ಕೇಳಿ ತರಲಿ. ಸೊಂಟವನ್ನು ಒಂದು ಇಂಚಿಗಿಂತ ಹೆಚ್ಚು ಹಿಡಿಸಿದರೆ ಹಿಂದಿನ ಎರಡು ಜೇಬು ಒಂದಕ್ಕೊಂದು ಹತ್ತಿರ ಬಂದು ಅಸಹ್ಯ ಕಾಣುತ್ತವೆ.

ಬಟ್ಟೆಯ ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ, ಒಂದು ಚದರ ಗಜಕ್ಕೆ ಎಷ್ಟು ಔನ್ಸ್ ಅಂತ. 10 ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ. ಏಪ್ರಿಲ್, ಮೇ ತಿಂಗಳ ಬಳ್ಳಾರಿ ಬಿಸಿಲಿಗೆ 9ರಿಂದ 10 ಔನ್ಸ್ ಸಾಕು. 13, 14 ಔನ್ಸಿನದನ್ನು ಗಟ್ಟಿಮುಟ್ಟು ಅಂತ ಹೊಗಳಿ ಮಾರುತ್ತಾರೆ. ಗಟ್ಟಿಯೇನೋ ಹೌದು, ಬೆವರಿನಲ್ಲಿ ತೊಡೆಗೆ ಅಂಟುವುದೂ ಹೌದು. ಹೆಚ್ಚಿನ ಅಂಗಡಿಯವರಿಗೆ ಔನ್ಸ್ ಗೊತ್ತೇ ಇರುತ್ತದೆ, ಗಿರಾಕಿ ಕೇಳುವುದಿಲ್ಲ ಅಷ್ಟೇ.

"ಅಣ್ಣಾ, ಸ್ಟ್ರೆಚ್ ಐತೆ, ಎರಡು ದಿನದಾಗ ಸೆಟ್ ಆಗ್ತೈತೆ" ಅನ್ನುವ ಮಾತಿಗೆ ಜಾಗ್ರತೆ. ಸ್ಟ್ರೆಚ್ ಡೆನಿಮ್ಮಿನಲ್ಲಿ ಲೈಕ್ರಾ ಅನ್ನುವ ಹಿಗ್ಗುವ ಎಳೆ ಇರುವುದು ಸಾಮಾನ್ಯವಾಗಿ ಹೊಕ್ಕಿನ, ಅಂದರೆ ಅಡ್ಡದ ಬಿಳಿ ನೂಲಿನಲ್ಲಿ; ಹಾಸಿನ, ಅಂದರೆ ಉದ್ದದ ನೀಲಿ ನೂಲಿನಲ್ಲಲ್ಲ. ಆದ್ದರಿಂದ ಪ್ಯಾಂಟು ಅಡ್ಡಕ್ಕೆ ಹಿಗ್ಗುತ್ತದೆ, ಉದ್ದಕ್ಕಲ್ಲ. ರೈಸ್ ಗಿಡ್ಡವಿದ್ದರೆ ಯಾವ ಸ್ಟ್ರೆಚ್ಚೂ ಅದನ್ನು ಸೆಟ್ ಮಾಡದು. ನೂರಕ್ಕೆ 98 ಕಾಟನ್, 2 ಲೈಕ್ರಾ ಒಳ್ಳೆಯ ಜೋಡಿ. ಅಗ್ಗದ ಮಾಲಿನಲ್ಲಿ ಕಾಟನ್ ಇಳಿಸಿ ಪಾಲಿಯೆಸ್ಟರ್ ಸೇರಿಸಿರುತ್ತಾರೆ, ಲೇಬಲ್ ಮಾತ್ರ ಕಾಟನ್ ಅನ್ನುತ್ತಿರುತ್ತದೆ. ಆಲ್ಟರ್ ಮಾಡಿದ ತುಂಡಿನಿಂದ ಒಂದು ಬಿಳಿ ಎಳೆ ಕಿತ್ತು ಬೆಂಕಿಕಡ್ಡಿ ತಾಗಿಸಿ: ಕಾಟನ್ನಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ, ಪಾಲಿಯೆಸ್ಟರ್ ಇದ್ದರೆ ಕರಗಿ ಗಟ್ಟಿ ಮಣಿ ಉಳಿಯುತ್ತದೆ. ಸ್ಟ್ರೆಚ್ ಪ್ಯಾಂಟನ್ನು ಬಿಸಿನೀರಿಗೆ ಹಾಕಿದರೆ, ಜೋರು ಇಸ್ತ್ರಿ ಮಾಡಿದರೆ ಲೈಕ್ರಾ ಸತ್ತು ಮೊಣಕಾಲು ಚೀಲದ ಹಾಗೆ ಉಬ್ಬಿ ನಿಲ್ಲುತ್ತದೆ.

ಇನ್ನು ವಾಷಿಂಗ್. ಬಳ್ಳಾರಿ ಮಾಲಿನ ಅಂದಚಂದವೂ ಇದರಲ್ಲೇ, ಆಯಸ್ಸು ಕುಗ್ಗುವುದೂ ಇದರಲ್ಲೇ. ಇಂಡಿಗೊ ಬಣ್ಣ ನೂಲಿನ ತಿರುಳಿಗೆ ಇಳಿಯದೆ ಮೇಲ್ಮೈಯಲ್ಲಿ ನಿಲ್ಲುತ್ತದೆ. ಉಜ್ಜಿದರೆ ಒಳಗಿನ ಬಿಳಿ ಕಾಣುವುದು ಅದಕ್ಕೇ. ಪ್ಯೂಮಿಸ್ ಕಲ್ಲು ಹಾಕಿ ತಿರುಗಿಸಿದರೆ ಸ್ಟೋನ್ ವಾಷ್. ಕಲ್ಲಿನ ಬದಲು ಸೆಲ್ಯುಲೇಸ್ ಎಂಬ ಎಂಜೈಮ್ ಹಾಕಿದರೆ ಎಂಜೈಮ್ ವಾಷ್, ಅದು ನೂಲಿಗೆ ಮೃದು. ತೊಡೆಯ ಮೇಲೆ ಬೆಕ್ಕಿನ ಮೀಸೆಯಂಥ ಬಿಳಿ ಗೆರೆಗಳು, ಮಧ್ಯೆ ಬೆಳ್ಳಗಾದ ಪಟ್ಟೆ ಕಾಣುವುದು ಬಹುಪಾಲು ಮರಳುಕಾಗದದಿಂದ ಉಜ್ಜಿ, ಮೇಲೆ ಬಣ್ಣ ತೆಗೆಯುವ ಪೊಟ್ಯಾಸಿಯಂ ಪರ್ಮಾಂಗನೇಟ್ ಸ್ಪ್ರೇ ಮಾಡಿದ ಕೆಲಸ. ಸ್ಪ್ರೇ ಆದಮೇಲೆ ಸರಿಯಾಗಿ ನ್ಯೂಟ್ರಲೈಸ್ ಮಾಡಿ (ಆ ರಾಸಾಯನಿಕದ ಕೆಲಸ ನಿಲ್ಲಿಸಿ), ಬೇಕಾದಷ್ಟು ನೀರಿನಲ್ಲಿ ಜಾಲಿಸದೇ ಹೋದರೆ ಆ ಜಾಗ ಹಳದಿಗೆ ತಿರುಗುತ್ತದೆ, ನೂಲು ಕೊಳೆಯುತ್ತದೆ. ನೀರಿಗೆ ಪರದಾಡುವ ಊರಿನಲ್ಲಿ ಮೊದಲು ಕತ್ತರಿ ಬೀಳುವುದು ಇದೇ ಜಾಲಿಸುವ ಕೆಲಸಕ್ಕೆ. ಪರೀಕ್ಷೆ ಸುಲಭ: ಬೆಳ್ಳಗಿನ ಜಾಗವನ್ನು ಎರಡು ಹೆಬ್ಬೆರಳ ನಡುವೆ ಹಿಡಿದು ಅಡ್ಡಕ್ಕೆ ಜಗ್ಗಿ. ಚಿಟಿಚಿಟಿ ಸದ್ದು ಬಂದರೆ ಅಥವಾ ಘಾಟು ಮೂಗಿಗೆ ಬಡಿದರೆ ಅಲ್ಲೇ ಬಿಟ್ಟುಬನ್ನಿ. ಹರಿದ ಜೀನ್ಸ್, ಹೆಚ್ಚು ಫೇಡ್ ಆದದ್ದು ಈ ಬೆಲೆಗೆ ಬೇಡವೇ ಬೇಡ. ಎಂಜೈಮ್ ವಾಷ್ ಆದ ಗಾಢ ನೀಲಿಯೇ ಹೆಚ್ಚು ಕಾಲ ಬಾಳುವುದು. ಅದರ ಬಣ್ಣ ಒದ್ದೆ ಕರವಸ್ತ್ರಕ್ಕೆ ಸ್ವಲ್ಪ ಹತ್ತಿದರೆ ದೋಷವಲ್ಲ, ನೀಲಿ ಹತ್ತೇ ಹತ್ತುತ್ತದೆ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ಇಂಡಿಗೊಗೆ ಹೊಂದುವ ಮಾತಲ್ಲ. ತಣ್ಣೀರು, ಒಳಮೈ ಹೊರಗೆ, ನೆರಳಿನಲ್ಲಿ ಒಣಗಿಸುವುದು: ಅಷ್ಟೇ ಉಪಾಯ. ಕಪ್ಪು ಜೀನ್ಸಿಗೆ ಹೆಚ್ಚಾಗಿ ಸಲ್ಫರ್ ಬಣ್ಣ. ತೇವದ ಕಪಾಟಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಆಮ್ಲ ಹುಟ್ಟಿ ಬಟ್ಟೆ ಸೊರಗುತ್ತದೆ.

ಬಣ್ಣ ನೋಡಲು ಅಂಗಡಿಯ ಎಲ್‌ಇಡಿ ಬೆಳಕು ಸಾಲದು. ಬಾಗಿಲಿಗೆ ತಂದು ಪಕ್ಕದ ಹೊಲಿಗೆಯ ಆಚೆ ಈಚೆ ನೋಡಿ. ಮುಂದಿನ ತುಂಡು ಒಂದು ಥಾನಿನದು, ಹಿಂದಿನದು ಇನ್ನೊಂದರದು ಆಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಹಾಗೇ ಬಾಟಮ್ಮಿನಲ್ಲಿ ಎರಡು ಹೊಲಿಗೆ ಸೇರಿಸಿ ಹಿಡಿದು ಕಾಲನ್ನು ಇಳಿಬಿಡಿ. ಬಟ್ಟೆ ತಿರುಚಿದರೆ ನಾಲ್ಕು ಒಗೆತಕ್ಕೆ ಪಕ್ಕದ ಹೊಲಿಗೆ ಮೊಣಕಾಲಿನ ಮುಂದೆ ಬಂದು ಕೂರುತ್ತದೆ.

ಹೊಲಿಗೆಯಲ್ಲಿ ಮಾತ್ರ ಇಲ್ಲಿನವರ ಕೈ ಪಳಗಿದ್ದು. ಒಳಮೈ ತಿರುವಿ ನೋಡಿ: ಅಂಚುಗಳು ಒಂದರೊಳಗೊಂದು ಮಡಿಚಿ ಜೋಡಿಸಾಲು ಹೊಲಿಗೆ ಬಿದ್ದಿದ್ದರೆ ಉತ್ತಮ, ಬರೀ ಓವರ್‌ಲಾಕ್ ಮೇಲೆ ಒಂದು ಸಾಲು ಇದ್ದರೆ ಮಧ್ಯಮ. ನಾಲ್ಕು ಹೊಲಿಗೆ ಕೂಡುವ ತೊಡೆಸಂದು ಪ್ಲಸ್ ಗುರುತಿನಂತೆ ಸೇರಿರಬೇಕು. ಇಂಚಿಗೆ ಏಳೆಂಟು ಹೊಲಿಗೆ ಬೇಕು, ಲೂಪಿನ ತುದಿಗೂ ಜೇಬಿನ ಮೂಲೆಗೂ ಬಾರ್‌ಟ್ಯಾಕ್ (ಒತ್ತಾಗಿ ಹಾಕಿದ ಗಟ್ಟಿ ಹೊಲಿಗೆ) ಬೇಕು. ಜೇಬಿನ ಮೂಲೆಯ ತಾಮ್ರದ ರಿವಿಟ್ 1873ರಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯೂ ಲೆವಿ ಸ್ಟ್ರಾಸ್‌ನೂ ಸೇರಿ ಪೇಟೆಂಟ್ ಪಡೆದ ಉಪಾಯ. ಈಗ ಅಗ್ಗದ ಪ್ಯಾಂಟಿನಲ್ಲಿ ಅದು ಬರೀ ಅಲಂಕಾರ, ಬಾರ್‌ಟ್ಯಾಕ್ ಇದ್ದರೆ ರಿವಿಟ್ ಬಿದ್ದುಹೋದರೂ ಚಿಂತೆಯಿಲ್ಲ.

ದುಡ್ಡು ಉಳಿಸಿದ್ದು ಜಿಪ್ಪಿನಲ್ಲಿ ಮತ್ತು ಜೇಬಿನ ಒಳಬಟ್ಟೆಯಲ್ಲಿ. ಜಿಪ್ ಏರಿಸಿ, ಹಿಡಿಕೆ ಕೆಳಗೆ ಮಡಿಚಿ, ಎರಡೂ ಕಡೆ ಜಗ್ಗಿ, ಜಾರಿದರೆ ಬೇಡ. ಒಂದು ಚಿಕ್ಕ ಅಯಸ್ಕಾಂತ ಹಿಡಿದರೆ ಬಟನ್ ಕಬ್ಬಿಣದ್ದೋ ಅಲ್ಲವೋ ತಿಳಿಯುತ್ತದೆ, ಕಬ್ಬಿಣವಾದರೆ ಮಳೆಗಾಲದಲ್ಲಿ ತುಕ್ಕಿನ ಕಲೆ ಖಾತ್ರಿ. ಜೇಬಿಗೆ ಕೈ ಹಾಕಿದಾಗ ಮಣಿಕಟ್ಟಿನವರೆಗೆ ಇಳಿಯಬೇಕು. ಒಳಬಟ್ಟೆ ಬೆಳಕಿಗೆ ಹಿಡಿದಾಗ ಆಚೆ ಬೆರಳು ಕಂಡರೆ ಬೈಕಿನ ಕೀ ಬೇಗನೆ ತೂತು ಮಾಡುತ್ತದೆ. ಒಳಬಟ್ಟೆ ಬದಲಾಯಿಸುವುದು ಆಲ್ಟರೇಶನ್ ಅಂಗಡಿಯವರಿಗೆ ಚಿಕ್ಕ ಕೆಲಸ, ಇದೊಂದು ದೋಷಕ್ಕೆ ಒಳ್ಳೆ ಪ್ಯಾಂಟು ಬಿಡಬೇಕಿಲ್ಲ.

ಉದ್ದ ಎಲ್ಲದರಲ್ಲೂ ಹೆಚ್ಚೇ ಇರುತ್ತದೆ, ಅಂಗಡಿಯವರೇ ಪಕ್ಕದ ಟೈಲರ್ ಹತ್ತಿರ ಬಾಟಮ್ ಕತ್ತರಿಸಿ ಕೊಡಿಸುತ್ತಾರೆ. ಹಳೆಯ ಅಂಚನ್ನೇ ಕೂಡಿಸಿ ಹೊಲಿಯಲು ಹೇಳಿ, ಇಲ್ಲದಿದ್ದರೆ ವಾಷಿಂಗ್‌ನಲ್ಲಿ ಬಂದ ಆ ಮಾಸಲು ಅಂಚು ಕಸಕ್ಕೆ ಹೋಗುತ್ತದೆ. ದಿನಾ ಹಾಕುವ ಚಪ್ಪಲಿಯನ್ನೋ ಶೂವನ್ನೋ ಹಾಕಿಕೊಂಡೇ ಅಳತೆ ಕೊಡಿ, ಕುಗ್ಗುವುದಕ್ಕೆ ಅರ್ಧ ಇಂಚು ಬಿಡಿಸಿ. ಕತ್ತರಿ ಬಿದ್ದ ಮೇಲೆ ಎಕ್ಸ್‌ಚೇಂಜ್ ಇಲ್ಲ ಅನ್ನುವುದು ಎಲ್ಲ ಕೌಂಟರಿನಲ್ಲೂ ಒಂದೇ ಮಾತು. ಜಗ್ಗಿ ನೋಡುವುದು, ಅಳೆಯುವುದು, ಬಾಗಿಲಿಗೆ ಒಯ್ಯುವುದು ಎಲ್ಲ ಅದಕ್ಕೂ ಮುಂಚೆಯೇ ಆಗಲಿ.